ಫ್ರಾನ್ಸಿನಲ್ಲಿ ಚಪ್ಪಲಿ ಕಾದದ್ದು

"ಹದಿನಾಲ್ಕನೆಯ ಶತಮಾನದಾಗ..." ಎಂದು ನಿಜಲಿಂಗಪ್ಪ ಬಾಯಿ ತೆರೆಯುವಷ್ಟರಲ್ಲಿ ಅವನ ಅತ್ತೆ ಗುರುಸಿದ್ದವ್ವ ಬಗ್ಗಿ ಚಪ್ಪಲಿ ಬಿಚ್ಚತೊಡಗಿದ್ದಳು.

"ಅತ್ತಿ, ಇದು ಗುಡಿ ಅಲ್ಲ. ಅರಮನಿ. ಅದೂ ಹಾಳುಬಿದ್ದದ್ದು."

"ಯಾರೋ ಬಾಳಿದ ಮನಿ ಹೌದಲ್ಲರಿ ಅಳಿಯಾರ? ಚಪ್ಪಲಿ ಮೆಟ್ಟಿಕೊಂಡು ಹೊಸ್ತಿಲ ದಾಟತಾರೇನ?"

ಹೊಸ್ತಿಲು, ಅದರ ಮೇಲೊಂದು ಕಲ್ಲಿನ ಚೌಕಟ್ಟು, ಇಷ್ಟೇ ನೆಟ್ಟಗಿದ್ದವು. ಮೂರು ಕಡೆಯ ಗೋಡೆ ಬಿದ್ದು, ಫ್ರಾನ್ಸಿನ ಆಕಳುಗಳು ಬೇಕಾದಲ್ಲಿ ಒಳಹೊಕ್ಕು ಮೇಯುತ್ತಿದ್ದವು.

ನಿವೃತ್ತಿಯಾಗುವವರೆಗೆ ಗದುಗಿನ ಕಾಲೇಜಿನಲ್ಲಿ ಯುರೋಪಿನ ಇತಿಹಾಸ ಕಲಿಸಿದ ನಿಜಲಿಂಗಪ್ಪ ಯುರೋಪ್ ನೋಡುತ್ತಿರುವುದು ಇದೇ ಮೊದಲು. ಬೆಟಗೇರಿ, ಲಕ್ಷ್ಮೇಶ್ವರದ ಮಂದಿಯನ್ನು ಈ ಪ್ರವಾಸಕ್ಕೆ ಹೊರಡಿಸಿದ್ದು "ಎಲ್ಲಾ ನಾ ವಿವರಿಸ್ತೀನಿ" ಎಂಬ ಒಂದೇ ಮಾತಿನ ಮೇಲೆ. ಬೆಳಿಗ್ಗೆ ಇಲ್ಲಿನ ಹಳ್ಳಿಯೊಂದರಲ್ಲಿ ಬಟ್ಟೆ ಒಗೆಯುವ ಪುರಾತನ ಕಟ್ಟೆಯ ಮುಂದೆ ಅವನು ಮಾತು ಶುರುಮಾಡಿದಾಗ ಹೆಂಗಸರು ಸೆರಗು ಸಿಕ್ಕಿಸಿ ಕಾಲುಚೀಲ ಒಗೆದುಬಿಟ್ಟಿದ್ದರು. ಆಮೇಲೆ ನೋಡಿದ, ಹಿಂದೆ ಪಾರಿವಾಳ ಸಾಕಲು ಕಟ್ಟಿದ್ದ ಗೋಪುರದಲ್ಲಿ ಪಾರಿವಾಳಗಳಷ್ಟೇ ಹೂಂಗುಟ್ಟಿದ್ದವು. ಇಲ್ಲಾದರೂ ಯಾರಾದರೂ ಕೇಳಬೇಕಿತ್ತು. ಇಲ್ಲದಿದ್ದರೆ ಇಷ್ಟು ವರ್ಷ ಯಾರೊಡನೆ ಮಾತಾಡುತ್ತಿದ್ದೆ ಎಂಬ ಅನುಮಾನ ಅವನಲ್ಲಿ ಕಾಯಂ ಆಗಿ ಉಳಿಯುತ್ತಿತ್ತು.

ಎಲ್ಲರೂ ಚಪ್ಪಲಿ ಬಿಟ್ಟರು.

"ಸರ, ಒಬ್ಬರು ಕಾಯಬೇಕಲ್ಲರಿ," ಎಂದ ಬೆಟಗೇರಿಯ ಅರಿವೆ ಅಂಗಡಿಯ ಮಲ್ಲು. "ಹೊಸಾ ಬೂಟು ಅದಾವು."

"ಇಲ್ಲಿ ಯಾರು ಕದೀತಾರೋ?"

"ನೀವು ಇದನ್ನೆಲ್ಲಾ ಪುಸ್ತಕದಾಗ ನೋಡಿಬಿಟ್ಟೀರಿ. ನಮಗ ಹೊಸಾದು."

"ಮತ್ತ ವಿವರಿಸೋದು?"

"ಬಸ್ಸಿನ್ಯಾಗ ಹೇಳೀರಂತ. ನಿದ್ದಿನೂ ಬರ್ತೈತಿ."

ನಿಜಲಿಂಗಪ್ಪ ನಕ್ಕ. ಎಲ್ಲಿ ನಗಬೇಕೆಂಬುದು ಅವನಿಗೆ ಗೊತ್ತಿತ್ತು.

ಹಿಂದೆ ಬಂದ ಫ್ರೆಂಚ್ ಕುಟುಂಬವೊಂದು ಚಪ್ಪಲಿಯ ಸಾಲು ಕಂಡು ಗಾಬರಿಯಾಗಿ ತಾನೂ ಬೂಟು ಬಿಚ್ಚಿತು. ಅವರನ್ನು ನೋಡಿ ಜರ್ಮನ್ ಪ್ರವಾಸಿಗಳೂ ಬಿಚ್ಚಿದರು. ನಾಯಿ ಹಿಡಿದು ಬಂದ ಬಿಳಿ ಗಡ್ಡದ ಮುದುಕನೊಬ್ಬ ತನ್ನ ಭಾಷೆಯಲ್ಲಿ ಏನೋ ಕೇಳಿದ. ನಿಜಲಿಂಗಪ್ಪ ಆಸೆಯಿಂದ, ಇಂಗ್ಲಿಷಿನಲ್ಲಿ, ಹದಿನಾಲ್ಕನೆಯ ಶತಮಾನವೆಂದ. ಮುದುಕ ತಲೆಯಾಡಿಸಿ, ನಾಯಿಯ ಹಗ್ಗವನ್ನು ಅವನ ಕೈಗಿಟ್ಟು ಒಳಗೆ ಹೋದ.

ಒಳಗಿನಿಂದ ನಗು ಕೇಳಿಸಿತು. ಅಲ್ಲಿಗೆ ಹೋಗಲು ಬಾಗಿಲೇ ಬೇಕಿರಲಿಲ್ಲ. ಅವನು ಬಾಗಿಲ ಪಕ್ಕದಲ್ಲೇ ನಿಂತ.

ಮಳೆ ಹನಿಯತೊಡಗಿತು. ಚಪ್ಪಲಿ, ಬೂಟುಗಳನ್ನೆಲ್ಲ ಒಟ್ಟುಗೂಡಿಸಿ, ತನ್ನ ಕೋಟು ಬಿಚ್ಚಿ ಹೊದಿಸಿದ. ಹಿಂದೆ ಸರಿದು ನೋಡಿದರೆ ಯಾರೋ ಮನುಷ್ಯ ಮಗ್ಗುಲಾಗಿ ಮಲಗಿದಂತಿತ್ತು. ನಾಯಿ ಹಗ್ಗ ಜಗ್ಗಿಕೊಂಡು ಹೋಗಿ, ಕೋಟಿನ ಕೊರಳಪಟ್ಟಿಯ ಬಳಿ ಮೂಸಿ, ಬಾಲ ಆಡಿಸಿ, ಅದಕ್ಕೇ ಒರಗಿ ಕೂತಿತು.