ಇವತ್ತಿನ ಘಮ

ಶಾಲೆ ಬಿಡುವ ಹೊತ್ತಿಗೆ ಕ್ಯಾಂಟೀನ್ ಅಕ್ಕ ಗೇಟಿನ ಎದುರಿನ ಕಲ್ಲುಬೆಂಚಿನ ಮೇಲೆ ಕೂತಿರುತ್ತಿದ್ದಳು. ಬೇರೆ ಅಮ್ಮಂದಿರು ಮಕ್ಕಳು ಕಂಡ ಕೂಡಲೇ ಹೋಂವರ್ಕ್ ಎಷ್ಟು ಕೊಟ್ಟರು, ಊಟದ ಡಬ್ಬಿ ಖಾಲಿ ಮಾಡಿದೆಯಾ, ನೀರಿನ ಬಾಟಲಿ ಎಲ್ಲಿ ಬಿಟ್ಟು ಬಂದೆ ಎಂದು ವಿಚಾರಣೆ ಶುರುಮಾಡುವರು. ಇವಳು ಮಾತ್ರ ಮಗಳ ಬ್ಯಾಗು ಇಸಿದುಕೊಂಡು, ಪಕ್ಕದಲ್ಲಿ ಕೂರಿಸಿಕೊಂಡು, ಒಂದೇ ಪ್ರಶ್ನೆ ಕೇಳುವಳು.

"ಇವತ್ತಿನ ಘಮ ಏನು?"

ಎಂಟು ವರ್ಷದ ಚೂಟಿ ಕಣ್ಣು ಮುಚ್ಚಿಕೊಳ್ಳುವಳು. ಹೆಸರಿಗೆ ತಕ್ಕ ಹುಡುಗಿ, ಆದರೆ ಈ ಒಂದು ಕೆಲಸಕ್ಕೆ ಮಾತ್ರ ಎಷ್ಟು ಬೇಕೋ ಅಷ್ಟು ಹೊತ್ತು ತೆಗೆದುಕೊಳ್ಳುತ್ತಿದ್ದಳು.

"ಇವತ್ತು ಪುದೀನ. ಅದು ಹೇಗಿರತ್ತೆ ಅಂದ್ರೆ ಅಮ್ಮ, ಬೆಳಿಗ್ಗೆ ಎದ್ದು ಕಿಟಕಿ ತೆಗೀತೀವಲ್ಲ, ಮುಖಕ್ಕೆ ತಣ್ಣಗೆ ಬರತ್ತಲ್ಲ, ಹಾಗೆ. ಆಮೇಲೆ ಕಿಟಕಿ ಮುಚ್ಚಿದ್ರೂ ಸ್ವಲ್ಪ ಹೊತ್ತು ಇರತ್ತೆ."

ಅಮ್ಮನೂ ಕಣ್ಣು ಮುಚ್ಚುವಳು. ಎದುರಿನ ರಸ್ತೆಯಲ್ಲಿ ಬಸ್ಸು, ಸೈಕಲ್ಲು, ಯಾರದೋ ಕೂಗಾಟ, ಎಲ್ಲ ಒಂದೊಂದಾಗಿ ದೂರ ಸರಿಯುವುವು. ಒಳಗೆಲ್ಲೋ ಒಂದು ಕಿಟಕಿ ಮೆಲ್ಲಗೆ ತೆರೆದುಕೊಳ್ಳುವುದು. ಎಷ್ಟೋ ಹೊತ್ತಾದ ಮೇಲೆ ಅವಳು "ಬಂತು" ಎನ್ನುವಳು. ಮಗಳು ಬೆಂಚಿನಿಂದ ಧುಮುಕುವಳು, ಇಬ್ಬರೂ ಮನೆಯ ದಾರಿ ಹಿಡಿಯುವರು.

ನಿಜವಾಗಿ ಬರುತ್ತಿತ್ತೋ ಇಲ್ಲವೋ ಅವಳಿಗೂ ಖಚಿತವಿರಲಿಲ್ಲ. ಎರಡು ವರ್ಷದ ಕೆಳಗೆ ಅವಳಿಗೊಂದು ಜ್ವರ ಬಂದಿತ್ತು. ಬಂದದ್ದು ಬಂತು, ಹೋಗುವಾಗಲಾದರೂ ಬರಿಗೈಯಲ್ಲಿ ಹೋಗಬಾರದೇ? ಅವಳ ಮೂಗಿನ ಶಕ್ತಿಯನ್ನೆಲ್ಲ ಗಂಟು ಕಟ್ಟಿಕೊಂಡು ಹೋಯಿತು. ನಾಲಿಗೆಗೆ ಉಪ್ಪು, ಹುಳಿ, ಸಿಹಿ, ಕಹಿ ತಿಳಿಯುತ್ತಿತ್ತು, ಅಷ್ಟೇ. ಕಾಫಿ ಎಂದರೆ ಬಿಸಿಯಾದ ಕಹಿ ನೀರು, ಬಾಳೆಹಣ್ಣೆಂದರೆ ಮೆತ್ತಗಿನ ಸಿಹಿ. ಮಗಳ ತಲೆಗೆ ಮೂಗಿಟ್ಟರೆ ಕೂದಲು ಚುಚ್ಚುತ್ತಿತ್ತೇ ಹೊರತು ಮಗಳು ಸಿಗುತ್ತಿರಲಿಲ್ಲ. ಆಗೆಲ್ಲ ಅವಳು ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತಿದ್ದಳು. ವೈದ್ಯರು ಪರೀಕ್ಷೆ ಮಾಡಿ, ಬಂದರೂ ಬರಬಹುದು, ಬರದಿದ್ದರೂ ಇರಬಹುದು ಎಂದರು. ಇಷ್ಟು ಹೇಳಲು ಅಷ್ಟು ವರ್ಷ ಓದಬೇಕಿತ್ತೇ ಎಂದು ಅವಳಿಗೆ ಅನ್ನಿಸಿತು.

ಅವಳ ಕೆಲಸ ಬೇರೆ ಎಂಥದ್ದು? ಸ್ಕ್ರೂ ಮಾಡುವ ಕಾರ್ಖಾನೆಯ ಕ್ಯಾಂಟೀನಿನಲ್ಲಿ ಅಡುಗೆ. ಕೈಯಳತೆ, ಚಮಚ, ಗಡಿಯಾರ, ಈ ಮೂರನ್ನೇ ನಂಬಿ ಹೇಗೋ ನಡೆಸಿಕೊಂಡು ಬಂದಿದ್ದಳು. ಮೂಗಿಲ್ಲದ ಅಡುಗೆಯವಳನ್ನು ಯಾರು ಇಟ್ಟುಕೊಳ್ಳುತ್ತಾರೆ? ಹಾಗಾಗಿ ಈ ಸಂಗತಿ ಮನೆಯ ಹೊಸ್ತಿಲು ದಾಟಿರಲಿಲ್ಲ. ಮನೆಯಲ್ಲಿ ಇದ್ದವರು ತಾಯಿ ಮಗಳು ಇಬ್ಬರೇ.

ಶಾಲೆಯ ಹಿಂಭಾಗದ ಅಡುಗೆ ಕೋಣೆ ಇಲ್ಲದಿದ್ದರೆ ಅವಳು ಏನಾಗುತ್ತಿದ್ದಳೋ. ಅಲ್ಲಿ ಅಡುಗೆ ಮೇಷ್ಟ್ರು ಎಂಬ ಕಡ್ಡಿಯಂಥ ಮನುಷ್ಯ ಚಿಕ್ಕಮಕ್ಕಳಿಗೆ ಪಾಠ ಮಾಡುತ್ತಿದ್ದರು. ಕಿಟಕಿಯಾಚೆ ನಾಲ್ಕು ಮಡಿ ತರಕಾರಿ. ಮಕ್ಕಳೇ ಬಿತ್ತಿ, ಮಕ್ಕಳೇ ಕಿತ್ತು, ಮಕ್ಕಳೇ ಬೇಯಿಸುವುದು. ಬ್ರೆಡ್ಡು ಕತ್ತರಿಸುತ್ತ ಭಿನ್ನರಾಶಿ, ಬೇರು ತೊಳೆಯುತ್ತ ವಿಜ್ಞಾನ. ಗೋಡೆಯ ಮೇಲೆ "ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ" ಎಂದು ಬರೆಸಿದ್ದರು. ಎರಡನ್ನೂ ಒಟ್ಟಿಗೇ ಕಲಿಸಬೇಕೆಂಬುದು ಅವರ ಹಟ. ಆ ಕೋಣೆಯಲ್ಲಿ ಒಂದು ಕಟ್ಟುನಿಟ್ಟಿನ ನಿಯಮವಿತ್ತು. ತಿಂದದ್ದರ ಬಗ್ಗೆ "ಚೆನ್ನಾಗಿದೆ" ಅನ್ನಕೂಡದು. ಚೆನ್ನಾಗಿದೆ ಎನ್ನುವುದು ರುಚಿಯಲ್ಲ, ಅದು ಏನಿದ್ದ ಹಾಗಿದೆ ಎಂದು ಹೇಳಬೇಕು. ಆ ನಿಯಮದಿಂದಲೇ ಚೂಟಿಯ ಬಾಯಲ್ಲಿ ಮಾತು ಹುಟ್ಟಿತು, ಆ ಮಾತಿನಿಂದಲೇ ಅಮ್ಮನ ದಿನಕ್ಕೊಂದು ಘಮ ಸಿಕ್ಕಿತು.

ಅಂಥ ಕೋಣೆಗೆ ಬೀಗ ಬೀಳುವ ಕಾಲ ಬಂತು. ಮೇಷ್ಟ್ರ ಸಂಬಳ, ಗ್ಯಾಸು, ಬೀಜ, ಇದಕ್ಕೆಲ್ಲ ಬರುತ್ತಿದ್ದ ನೆರವು ನಿಂತುಹೋಯಿತಂತೆ. ಪೋಷಕರು ಹೊಂದಿಸಿಕೊಟ್ಟರೆ ಉಂಟು, ಇಲ್ಲವಾದರೆ ಪರೀಕ್ಷೆ ಮುಗಿದ ಮೇಲೆ ಆ ಕೋಣೆ ಹಳೇ ಬೆಂಚು ತುಂಬುವ ಉಗ್ರಾಣ ಎಂದು ಹೆಡ್ ಮಿಸ್ಸು ಸಭೆ ಕರೆದು ಹೇಳಿದರು.

ಗೇಟಿನ ಪಕ್ಕದ ಬೋರ್ಡಿನಲ್ಲಿ ಯಾರೋ ದೊಡ್ಡ ಪಾತ್ರೆಯ ಚಿತ್ರ ಬರೆದರು. ದುಡ್ಡು ಕೂಡಿದಷ್ಟೂ ಪಾತ್ರೆಯೊಳಗೆ ಕೆಂಪು ಬಣ್ಣ ಏರುತ್ತಿತ್ತು. ಏರಿಸುವವರು ಡಬ್ಬಿ ಮಾಮ. ಒಂದನೇ ಕ್ಲಾಸಿನ ಹುಡುಗನ ಅಪ್ಪ, ಅದೇ ಸ್ಕ್ರೂ ಕಾರ್ಖಾನೆಯ ಸ್ಟೋರ್ ಕೀಪರ್ರು. ಬಿಸ್ಕತ್ತಿನ ಡಬ್ಬಿಗೆ ತೂತು ಕೊರೆದು ಮನೆಮನೆ ತಿರುಗಿದ್ದಕ್ಕೆ ಮಕ್ಕಳಿಟ್ಟ ಹೆಸರು ಅದು. ಎಲ್ಲ ಬಾಗಿಲೂ ಒಂದೇ ತರಹ ತೆರೆಯುವುದಿಲ್ಲವಲ್ಲ. "ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ ಹೂವು. ಲೆಕ್ಕದ ಪುಸ್ತಕ ಇಲ್ಲದ ಶಾಲೆಗೆ ಅಡುಗೆ ಪಾಠ ಬೇರೆ" ಎಂದು ಟೈಲ್ಸ್ ಅಂಗಡಿಯವರು ಮೂಗು ಮುರಿದರು. ಅವರ ಮಗಳು ಚೂಟಿಯ ಕ್ಲಾಸೇ, ಮುಂದಿನೆರಡು ಹಲ್ಲು ಬಿದ್ದವಳು. ಕೆಂಪು ಬಣ್ಣ ಪಾತ್ರೆಯ ಅರ್ಧಕ್ಕೆ ಬಂದು ನಿಂತಿತು, ಮೂರು ವಾರ ಅಲ್ಲಾಡಲಿಲ್ಲ.

ಕೊನೆಯ ಪ್ರಯತ್ನವೆಂದು ಒಂದು ಶನಿವಾರ ಮಧ್ಯಾಹ್ನದ ಊಟ ಇಟ್ಟುಕೊಂಡರು. ಮಕ್ಕಳು ಬೆಳೆದ ಸಿಹಿಗುಂಬಳದ ಸೂಪು, ಬ್ರೆಡ್ಡು. ಇನ್ನೂರು ಟಿಕೆಟ್ಟು. ಬಂದವರು ಉಂಡು, ಕೋಣೆ ನೋಡಿ, ಮನಸ್ಸು ಬಂದರೆ ಡಬ್ಬಿಗೆ ಹಾಕಬೇಕು. ಇನ್ನೂರು ಜನಕ್ಕೆ ಬೇಯಿಸುವವರು ಯಾರು?

"ನಮ್ಮ ಕ್ಯಾಂಟೀನ್ ಅಕ್ಕ ಇದ್ದಾರಲ್ಲ. ಅವರಿಗಿದು ನೀರು ಕುಡಿದಷ್ಟು ಸುಲಭ" ಎಂದರು ಡಬ್ಬಿ ಮಾಮ.

ಎಲ್ಲರ ಮುಖವೂ ಇವಳತ್ತ ತಿರುಗಿತು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ, ಇವಳ ಕೈ ತಾನಾಗಿ ಮೂಗಿಗೆ ಹೋಯಿತು. ಆಗುವುದಿಲ್ಲ ಎನ್ನಲು ಬಾಯಿ ತೆರೆದಳು. ಕಲ್ಲುಬೆಂಚು ಕಣ್ಣಮುಂದೆ ಬಂತು. ಇವತ್ತಿನ ಘಮ ಏನು ಎಂದು ತಾನು ಕೇಳುತ್ತಿದ್ದಾಳೆ, ಮಗಳು ಕಣ್ಣು ಮುಚ್ಚಿದ್ದಾಳೆ, ಹೇಳಲು ಏನೂ ಇಲ್ಲ.

"ಮಾಡ್ತೀನಿ" ಎಂದಳು.

"ನಾನಿದ್ದೀನಲ್ಲ. ನಾನು ಮೂಸಿ ಮೂಸಿ ಹೇಳ್ತೀನಿ, ನೀನು ಹಾಕ್ತಾ ಹೋಗು" ಎಂದಳು ಚೂಟಿ, ಮನೆಗೆ ಹೋಗುವ ದಾರಿಯಲ್ಲಿ.

ಶನಿವಾರ ಬೆಳಿಗ್ಗೆ ಚೂಟಿ ಎದ್ದು ಏಳು ಸಲ ಸೀನಿದಳು. ಮೂಗು ಕಟ್ಟಿ, ಕಣ್ಣು ಕೆಂಪಾಗಿ, ಅಮ್ಮ ಎನ್ನಹೋದರೆ ಅಬ್ಬ ಎನ್ನುತ್ತಿದ್ದಳು. ನೆಗಡಿಗೂ ಒಂದು ಮುಹೂರ್ತ ಇರಬೇಡವೇ?

ಹಿಂದೆ ಸರಿಯುವ ಹೊತ್ತು ಮೀರಿತ್ತು. ಅಡುಗೆ ಕೋಣೆಯಲ್ಲಿ ಬಿಸಿಲು ಓರೆಯಾಗಿ ಬಿದ್ದು, ಹೆಚ್ಚಿಟ್ಟ ಕುಂಬಳದ ಗುಡ್ಡೆ ಒಳಗಿನಿಂದಲೇ ಉರಿಯುತ್ತಿರುವಂತೆ ಕಾಣುತ್ತಿತ್ತು. ಎಲ್ಲಿಂದಲೋ ಕಡ ತಂದ ದೊಡ್ಡ ಪಾತ್ರೆ, ಕಡ ತಂದ ಒಲೆ. ಉಪ್ಪಿಗೆ ನಾಲಿಗೆಯಿದೆ, ಹೊತ್ತಿಗೆ ಗಡಿಯಾರವಿದೆ, ಉಳಿದದ್ದು ಆದ ಹಾಗಾಗಲಿ ಎಂದುಕೊಂಡು ಅವಳು ಈರುಳ್ಳಿ ಬಾಡಿಸಿ ಕುಂಬಳ ಸುರಿದಳು. ಚೂಟಿ ಸ್ಟೂಲಿನ ಮೇಲೆ ನಿಂತು ತನ್ನಷ್ಟೇ ಉದ್ದದ ಸೌಟು ಆಡಿಸತೊಡಗಿದಳು. ಹಬೆ ಏರಿ ಏರಿ ಕಿಟಕಿಯ ಗಾಜೆಲ್ಲ ಮಸುಕಾಯಿತು. ಹೊರಗಿನ ಲೋಕ ಕರಗಿ ಹೋಗಿ, ಹಬೆಯೊಳಗೆ ತಾಯಿ ಮಗಳು ಇಬ್ಬರೇ ಉಳಿದ ಹಾಗಾಯಿತು. ಅಮ್ಮ ಆಚೆ ಮೇಜಿನಲ್ಲಿ ಬ್ರೆಡ್ಡು ಕುಯ್ಯುತ್ತಿದ್ದಳು. ಗಡಿಯಾರದ ಲೆಕ್ಕದಲ್ಲಿ ಬೇಯಲು ಇನ್ನೂ ಹೊತ್ತಿದೆ ಎಂದುಕೊಂಡಳು. ಹಿತವಾದ ಒಂದು ಮಂಪರು. ಚೂಟಿಯ ಸೌಟು ಮೇಲೆ ಮೇಲೆ ತೇಲುತ್ತಿತ್ತು.

ಬಾಗಿಲು ತೆರೆದು ಹಲ್ಲು ಬಿದ್ದವಳು ಒಳಗೆ ಕಾಲಿಟ್ಟಳು, ಅಲ್ಲೇ ನಿಂತಳು.

"ಆಂಟಿ, ಏನೋ ಸುಡ್ತಿದೆ."

ತಾಯಿ ಮಗಳನ್ನು ನೋಡಿದಳು, ಮಗಳು ತಾಯಿಯನ್ನು. ಕಡ ತಂದ ಪಾತ್ರೆಯ ತಳ ಹಾಳೆಯಷ್ಟು ತೆಳು, ಒಲೆಯ ಉರಿಯೋ ರಾಕ್ಷಸ. ಸೂಪು ತಳ ಹಿಡಿದು ಕಾಲು ಗಂಟೆಯಾದರೂ ಆಗಿತ್ತು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎಂಬುದು ಇಂಥದ್ದಕ್ಕೇ ಇರಬೇಕು. ಅಮ್ಮ ಒಲೆ ಆರಿಸಿ, ತಳ ಕೆದಕದೆ ಮೇಲಿನದನ್ನೆಲ್ಲ ಇನ್ನೊಂದು ಪಾತ್ರೆಗೆ ಬಗ್ಗಿಸುವಷ್ಟರಲ್ಲಿ ಹೆಡ್ ಮಿಸ್ಸು, ಮೇಷ್ಟ್ರು, ಡಬ್ಬಿ ಮಾಮ ಬಾಗಿಲಲ್ಲಿದ್ದರು. ಅವರ ಹಿಂದೆ ಬೇಗ ಬಂದಿದ್ದ ಪೋಷಕರು.

"ಅಂಗಳಕ್ಕೇ ಬಂತಲ್ರೀ ವಾಸನೆ. ಪಾತ್ರೆ ಪಕ್ಕದಲ್ಲೇ ಇದ್ದು ನಿಮಗೆ ಗೊತ್ತಾಗಲಿಲ್ವಾ?" ಎಂದರು ಹೆಡ್ ಮಿಸ್ಸು.

ಚೂಟಿ ಸ್ಟೂಲಿನಿಂದ ಇಳಿದಳು. "ತಪ್ಪು ನನ್ನದು ಮಿಸ್. ಅಮ್ಮ ಸರಿಯಾಗಿ ತಿರುಗಿಸು ಅಂದಿದ್ರು. ನಾನೇ ತಿರುಗಿಸಲಿಲ್ಲ." ಮೂಗು ಸೋರುತ್ತಿತ್ತು.

ಆ ಸುಳ್ಳಿನ ಮರೆಯಲ್ಲಿ ಅಮ್ಮ ಆರಾಮವಾಗಿ ನಿಂತುಬಿಡಬಹುದಿತ್ತು. ಮಗುವನ್ನು ಯಾರೂ ಬೈಯುತ್ತಿರಲಿಲ್ಲ. ಎಂಟು ವರ್ಷದ ಭುಜದ ಮೇಲೆ ತನ್ನ ಭಾರ ಹೊರಿಸಿ ಎರಡು ವರ್ಷವಾಯಿತಲ್ಲ ಎನಿಸಿ ಅವಳಿಗೆ ನಾಚಿಕೆಯಾಯಿತು.

"ಅವಳದ್ದಲ್ಲ. ನನಗೆ ವಾಸನೆ ತಿಳಿಯಲ್ಲ. ಎರಡು ವರ್ಷ ಆಯ್ತು, ಜ್ವರ ಬಂದು ಹೋಯ್ತು. ಇಷ್ಟು ದಿನ ಇವಳೇ ನನ್ನ ಮೂಗು. ಇವತ್ತು ಇವಳಿಗೆ ನೆಗಡಿ" ಎಂದಳು.

ಅವಳ ಕಣ್ಣು ಡಬ್ಬಿ ಮಾಮನ ಮೇಲಿತ್ತು. ಸೋಮವಾರ ಕಾರ್ಖಾನೆಗೆಲ್ಲ ಹಬ್ಬುವ ಸುದ್ದಿ ಇದು. ಅವರು ತಮ್ಮ ಹೊಟ್ಟೆ ನೀವಿಕೊಂಡರು.

"ಎರಡು ವರ್ಷದಿಂದ ಇವರು ಮಾಡಿದ್ದು ತಿಂದೇ ನಾನು ಆರು ಕಿಲೋ ಏರಿದ್ದೀನಿ. ಮೂಗೂ ಇದ್ದಿದ್ರೆ ನನ್ನ ಗತಿ ಏನಾಗ್ತಿತ್ತೋ. ಕಾರ್ಖಾನೇಲಿ ಯಾರಾದ್ರೂ ಏನಾದ್ರೂ ಅಂದ್ರೆ ನನ್ನ ಹತ್ರ ಕಳಿಸಿ."

ಮೇಷ್ಟ್ರು ನಗಲಿಲ್ಲ. ಪಾತ್ರೆ ನೋಡಿದರು, ಅವಳನ್ನು ನೋಡಿದರು. "ಒಂದು ಮೂಗು ಕಟ್ಟಿದ್ರೆ ಏನಂತೆ. ನನ್ನ ಹತ್ರ ಹದಿನೇಳಿವೆ" ಎಂದು ಹೊರಗೆ ಹೋಗಿ ಚಪ್ಪಾಳೆ ತಟ್ಟಿದರು.

ಕ್ಲಾಸಿನ ಮಕ್ಕಳೆಲ್ಲ ಚಮಚ ಹಿಡಿದು ಸಾಲಾಗಿ ನಿಂತರು. ಪೋಷಕರು ಬಾಗಿಲಿಗೆ, ಕಿಟಕಿಗೆ ಒತ್ತಿಕೊಂಡರು. ಮೊದಲನೆಯದು ಒಂದು ಚಮಚ ಕುಡಿದು ಕಣ್ಣು ಮುಚ್ಚಿತು.

"ಒದ್ದೆ ಅಂಗಿ ಮೇಲೆ ಇಸ್ತ್ರಿ ಪೆಟ್ಟಿಗೆ ಇಟ್ಟ ಹಾಗಿದೆ."

"ಪೆನ್ಸಿಲ್ ಕೆತ್ತಿದ ಪುಡಿ" ಎಂದಿತು ಇನ್ನೊಂದು.

"ಮೊದ್ಲು ಸಿಹಿ ಬರತ್ತೆ. ಆಮೇಲೆ ಅಜ್ಜನ ಹಳೇ ಕೋಟು ಬರತ್ತೆ" ಎಂದಳು ಹಲ್ಲು ಬಿದ್ದವಳು.

ಅಜ್ಜನ ಕೋಟು. ಕ್ಯಾಂಟೀನ್ ಅಕ್ಕ ಕಣ್ಣು ಮುಚ್ಚಿದಳು. ಮರದ ಬೀರು, ಕತ್ತಲು, ಉಣ್ಣೆಯ ಕೋಟು, ಎಂದೋ ಪಕ್ಕದಲ್ಲಿ ಕುಳಿತೆದ್ದ ಒಲೆಯ ಹೊಗೆ. ಬಂತು. ಹೊಗೆಯನ್ನು ಓಡಿಸಲು ಹೋಗಬಾರದು, ಅದಕ್ಕೊಂದು ಜೊತೆ ಹುಡುಕಬೇಕು. ಟೊಮೇಟೊ, ಈರುಳ್ಳಿಯನ್ನು ನೇರ ಉರಿಯ ಮೇಲೆಯೇ ಸುಟ್ಟು, ಸಿಪ್ಪೆ ತೆಗೆದು, ಅರೆದು ಹಾಕಿದಳು. ಬೆಣ್ಣೆ ಹಾಕಿದಳು, ನಿಂಬೆ ಹಿಂಡಿದಳು. ಪ್ರತಿ ಸಲವೂ ಸಾಲು ಮುಂದಕ್ಕೆ ಬಂತು, ಮಕ್ಕಳು ಕಣ್ಣು ಮುಚ್ಚಿದರು, ಹೇಳಿದರು. ಇಸ್ತ್ರಿ ಪೆಟ್ಟಿಗೆ ಹೋಯಿತು. ಪೆನ್ಸಿಲ್ ಪುಡಿ ಹೋಯಿತು. ಮೂರನೇ ಸುತ್ತಿಗೆ ಹಲ್ಲು ಬಿದ್ದವಳು ತುಂಬ ಹೊತ್ತು ಯೋಚಿಸಿದಳು.

"ಅಜ್ಜನ ಕೋಟೇ. ಆದ್ರೆ ಜೇಬಲ್ಲಿ ಪೆಪ್ಪರ್‌ಮೆಂಟ್ ಇದೆ."

ಕಿಟಕಿಯಲ್ಲಿ ಯಾರೋ ನಕ್ಕರು. ಇನ್ಯಾರೋ ಮೂಗು ಒರೆಸಿಕೊಂಡರು. ಕ್ಯಾಂಟೀನ್ ಅಕ್ಕ ಸೌಟು ಕೆಳಗಿಟ್ಟು, "ಬಡಿಸಿ" ಎಂದಳು.

ಅಂದು ಅಂಗಳದಲ್ಲಿ ಬಟ್ಟಲು ಹಿಡಿದು ಕೂತ ದೊಡ್ಡವರನ್ನೆಲ್ಲ ಮಕ್ಕಳು ಗೋಳು ಹೊಯ್ದುಕೊಂಡರು. ಯಾರು ಚೆನ್ನಾಗಿದೆ ಎಂದರೂ "ಹಾಗನ್ನೋ ಹಾಗಿಲ್ಲ, ಹೇಗಿದೆ ಹೇಳಿ" ಎಂದು ಮುಂದೆ ನಿಂತರು. ವಕೀಲರೊಬ್ಬರು ಮಾತು ಸಿಗದೆ ಒದ್ದಾಡಿದ್ದನ್ನು ನೋಡಬೇಕಿತ್ತು. ಟೈಲ್ಸ್ ಅಂಗಡಿಯವರು ಮೂರು ಚಮಚ ಕುಡಿದು ಬಟ್ಟಲು ಕೆಳಗಿಟ್ಟರು. ಮಗಳು ಬಿಡಲಿಲ್ಲ.

"ಹೇಳಪ್ಪ."

"ನಮ್ಮಮ್ಮ ಒಲೆ ಮುಂದಿಂದ ಎದ್ದು ಬಂದು ತಬ್ಬಿಕೊಂಡ ಹಾಗಿದೆ" ಎಂದರು ಅವರು, ನೆಲ ನೋಡುತ್ತ. ಆಮೇಲೆ ಎದ್ದು ಹೋಗಿ ಡಬ್ಬಿಯ ಮುಂದೆ ಬಹಳ ಹೊತ್ತು ನಿಂತಿದ್ದರು.

ಇಳಿಹೊತ್ತಿಗೆ ಡಬ್ಬಿ ಮಾಮ ಬೋರ್ಡಿನ ಮುಂದೆ ಕುಂಚ ಹಿಡಿದರು. ಕೆಂಪು ಬಣ್ಣ ಅರ್ಧ ದಾಟಿ, ಕಂಠ ದಾಟಿ, ಅಂಚಿಗೆ ಒಂದು ಬೆರಳು ಕಡಿಮೆಯಿರುವಂತೆ ನಿಂತಿತು. ಅವರ ಮುಖ ಸಣ್ಣಗಾಯಿತು. "ಕುದಿಯೋ ಪಾತ್ರೇನ ಯಾರೂ ಅಂಚಿನವರೆಗೆ ತುಂಬಲ್ಲ, ಉಕ್ಕಿಬಿಡತ್ತೆ. ಇಷ್ಟೇ ಇರಬೇಕು" ಎಂದರು ಮೇಷ್ಟ್ರು. ಹೆಡ್ ಮಿಸ್ಸು ಅಡುಗೆ ಕೋಣೆಯ ಬೀಗದ ಕೈಯನ್ನು ತಮ್ಮ ಗೊಂಚಲಿನಿಂದ ಬಿಡಿಸಿ ಮೇಷ್ಟ್ರ ಕೈಗೆ ಕೊಟ್ಟರು.

ಎಲ್ಲ ತೊಳೆದಿಟ್ಟ ಮೇಲೆ ತಾಯಿ ಮಗಳು ಕಲ್ಲುಬೆಂಚಿಗೆ ಬಂದು ಕೂತರು. ಚೂಟಿಗೆಂದು ಎತ್ತಿಟ್ಟು ಬಿಸಿ ಮಾಡಿದ ಒಂದು ಬಟ್ಟಲು ಸೂಪು ಅವಳ ತೊಡೆಯ ಮೇಲಿತ್ತು. ರಸ್ತೆಯ ಮೇಲೆ ಸಂಜೆ ಬಿಸಿಲು ತೆಳ್ಳಗೆ ಹರಡಿತ್ತು. ಚೂಟಿ ಒಂದು ಚಮಚ ಕುಡಿದಳು, ಇನ್ನೊಂದು ಕುಡಿದಳು, ಚಮಚ ಇಟ್ಟಳು.

"ಬಿಸಿ ಇದೆ, ಸಿಹಿ ಇದೆ, ಇನ್ನೇನೂ ಇಲ್ಲ. ಅಮ್ಮ, ನಿನಗೆ ದಿನಾ ಹೀಗೇನಾ?"

"ಹೂಂ ಕಣೆ. ದಿನಾ."

ಚೂಟಿ ಅಮ್ಮನ ತೋಳಿಗೆ ಒರಗಿದಳು. ಇದು ಅವಳಿಗೆ ಎಂದೂ ಹೊಳೆದಿರಲಿಲ್ಲ. ಆಮೇಲೆ ತಲೆಯೆತ್ತಿದಳು.

"ಹಾಗಾದ್ರೆ ನೀನು ಹೇಳು. ಇವತ್ತಿನ ಘಮ ಏನು?"

ಅಮ್ಮ ಕಣ್ಣು ಮುಚ್ಚಿದಳು. ಎಷ್ಟು ಬೇಕೋ ಅಷ್ಟು ಹೊತ್ತು ತೆಗೆದುಕೊಂಡಳು.

"ಅಜ್ಜನ ಕೋಟು. ಬೀರುವಿನ ಕತ್ತಲಲ್ಲಿ ನೇತಾಡ್ತಿದೆ. ಚಳಿ ದಿನ ಒಲೆ ಪಕ್ಕ ಕೂತಿದ್ದ ಹೊಗೆ ಅದರಲ್ಲಿ ಇನ್ನೂ ಇದೆ. ನೀನು ಮೆಲ್ಲಗೆ ಒಳಗೆ ಹೋಗಿ ಅದನ್ನ ತಬ್ಬಿಕೊಂಡಿದ್ದೀಯ. ಒರಟು ಒರಟು, ಬೆಚ್ಚಗೆ. ಜೇಬಿಗೆ ಕೈ ಹಾಕ್ತೀಯ. ತಳದಲ್ಲಿ, ಕಾಗದದಲ್ಲಿ ಸುತ್ತಿದ್ದು, ಒಂದು ಪೆಪ್ಪರ್‌ಮೆಂಟ್ ಸಿಗತ್ತೆ. ನಿನಗೇ ಅಂತ ಇಟ್ಟಿದ್ದು."

ಚೂಟಿ ಕಣ್ಣು ಮುಚ್ಚಿಕೊಂಡೇ ಚಮಚ ಬಾಯಿಗಿಟ್ಟಳು. ಕಟ್ಟಿದ ಮೂಗಿನಿಂದ ಉಸಿರು ಎಳೆಯಲು ನೋಡಿದಳು.

"ಬಂತು" ಎಂದಳು.

ನಿಜವೇ ಎಂದು ಅಮ್ಮ ಕೇಳಲಿಲ್ಲ. ಎರಡು ವರ್ಷದಿಂದ ಮಗಳೂ ಅವಳನ್ನು ಒಮ್ಮೆಯೂ ಕೇಳಿರಲಿಲ್ಲ.