ಅಂಗೈ ಮೇಲೆ ಎರಡು ಪ್ಲಗ್

"ಮಾವ, ಸ್ಪಾರ್ಕ್ ಪ್ಲಗ್‌ನಲ್ಲಿ ಬಿಸಿ ಪ್ಲಗ್ಗು, ತಣ್ಣನೆ ಪ್ಲಗ್ಗು ಅಂತ ಎರಡು ಜಾತಿ ಇರುತ್ತೆ. ನಿಮಗೆ ಗೊತ್ತಿತ್ತಾ?"

ಗೊತ್ತಿತ್ತಾ ಅಂತೆ! ಈ ಅಳಿಯ ತೊಟ್ಟಿಲಲ್ಲಿ ಕಾಲು ಬಡಿಯುತ್ತಿದ್ದ ಕಾಲಕ್ಕೇ ಮೇಸ್ತ್ರಿ ಊರಿನವರ ಕಾರುಗಳ ಪ್ಲಗ್ ಬಿಚ್ಚಿ, ಮಸಿ ನೋಡಿ, ಎಂಜಿನ್ನಿನ ಹೊಟ್ಟೆಯಲ್ಲಿ ಏನು ಕೆಟ್ಟಿದೆ ಎಂದು ಹೇಳುತ್ತಿದ್ದ. ಈಗ ಅವನಿಗೆ ಪಾಠ. ಅದೂ ಅವನದೇ ಗ್ಯಾರೇಜಿನಲ್ಲಿ, ಅವನದೇ ಮೇಜಿಗೆ ಒರಗಿಕೊಂಡು.

"ಹೌದಾ ಅಳಿಯಂದಿರೇ? ನಮಗೆಲ್ಲಿ ಗೊತ್ತಾಗಬೇಕು? ಹೇಳಿ, ಹೇಳಿ, ತಿಳ್ಕೊಳ್ತೀನಿ" ಎಂದ ಮೇಸ್ತ್ರಿ.

ಅಳಿಯ ಹೇಳಿಯೇ ಬಿಟ್ಟ. ಕುಹಕ ಅರ್ಥವಾಗುವಷ್ಟು ಬುದ್ಧಿ ದೇವರು ಅವನಿಗೆ ಕೊಟ್ಟಿರಲಿಲ್ಲ. ಜೋರಾಗಿ ಓಡುವ ಗಾಡಿಗೆ ತಣ್ಣನೆ ಪ್ಲಗ್ಗೇ ಬೇಕಂತೆ, ಶಾಖವನ್ನು ಬೇಗ ಹೊರಗೆ ಹಾಕುತ್ತದಂತೆ. ನಿನ್ನೆ ರಾತ್ರಿ ಊಟ ಮಾಡುತ್ತಾ ಫೋನಿನಲ್ಲಿ ನೋಡಿದ್ದನ್ನು ಇವತ್ತು ಬೆಳಗ್ಗೆ ತಾನೇ ಕಂಡುಹಿಡಿದವನ ಹಾಗೆ ಒಪ್ಪಿಸಿದ. ಮೈಮೇಲೆ ಹೊಚ್ಚಹೊಸ ನೀಲಿ ಕೋಟು, ಅದಕ್ಕೆ ಇಸ್ತ್ರಿಯ ಗೆರೆ ಬೇರೆ. ಜೇಬಿನಲ್ಲಿ ಸ್ಕ್ರೂಡ್ರೈವರನ್ನು ಪೆನ್ನಿನ ಹಾಗೆ ಸಿಕ್ಕಿಸಿಕೊಂಡಿದ್ದ. ಕೈಗೆ ಬಿಳಿ ಗ್ಲೌಸು. ಗ್ಯಾರೇಜಿಗೆ ಬಿಳಿ ಗ್ಲೌಸು ಹಾಕಿಕೊಂಡು ಬರುವವನನ್ನು ಏನೆಂದು ಕರೆಯಬೇಕೋ ಮೇಸ್ತ್ರಿಗೆ ಗೊತ್ತಿತ್ತು, ಮಗಳ ಮುಖ ನೋಡಿಕೊಂಡು ಸುಮ್ಮನಿದ್ದ.

ಅಳಿಯನಿಗೆ ಪೇಟೆಯಲ್ಲಿ ಕನ್ನಡಕದ ಅಂಗಡಿ. ಬೆನ್ನ ಹಿಂದೆ ಮೇಸ್ತ್ರಿ ಅವನನ್ನು ಕರೆಯುತ್ತಿದ್ದದ್ದೇ 'ಗಾಜು' ಎಂದು. ಊರಿನವರಿಗೆಲ್ಲ ಕಣ್ಣು ಕಾಣಿಸುವ ಹಾಗೆ ಮಾಡುವ ಈ ಗಾಜು ಕಳೆದ ವರ್ಷ ಯಾರದೋ ಶೆಡ್ಡಿನಲ್ಲಿ ಧೂಳು ತಿನ್ನುತ್ತಿದ್ದ ಕೆಂಪು ಸ್ಪೋರ್ಟ್ಸ್ ಕಾರನ್ನು ಬಣ್ಣ ನೋಡಿ ಕೊಂಡು ತಂದಿದ್ದ. ಎರಡೇ ಸೀಟು, ನೆಲಕ್ಕೆ ಹೊಟ್ಟೆ ಉಜ್ಜುವಷ್ಟು ತಗ್ಗು. ಬಾನೆಟ್ ಎತ್ತಿ ನೋಡಬೇಕೆಂದು ಪುಣ್ಯಾತ್ಮನಿಗೆ ಹೊಳೆದೇ ಇರಲಿಲ್ಲ. ಎತ್ತಿದರೆ ಒಳಗೆ ಎಂಜಿನ್ ತುಕ್ಕು ಹಿಡಿದು ಕಲ್ಲಾಗಿತ್ತು.

"ಗುಜರಿಗೆ ಹಾಕಿ" ಎಂದು ಮೇಸ್ತ್ರಿ ಅವತ್ತೇ ತೀರ್ಪು ಕೊಟ್ಟಿದ್ದ.

"ನಾನು ಮಾಡ್ತೀನಿ ಅಪ್ಪ. ನೀನು ಕೈ ಹಾಕಬೇಡ. ಇದು ಪೂರ್ತಿ ನಂದು" ಎಂದಿದ್ದಳು ಮಗಳು.

ಹಾಗೆಂದವಳು ಮಾಡಿಯೂ ತೋರಿಸಿದಳು. ಗ್ಯಾರೇಜಿನಲ್ಲಿ ಬ್ರೇಕು, ಕ್ಲಚ್ಚು ಎಂದು ದಿನವಿಡೀ ದುಡಿದು, ಸಂಜೆ ಹೊತ್ತು, ರಜೆಯ ದಿನ ಈ ಎಂಜಿನ್ ಮುಂದೆ ಕೂರುತ್ತಿದ್ದಳು. ಒಂದೊಂದೇ ಬಿಚ್ಚಿ, ತೊಳೆದು, ಉಜ್ಜಿ, ಅಳತೆ ನೋಡಿ ಕೂಡಿಸಿದಳು. ಉಗುರು ಕಿತ್ತು ಹೋಯಿತು, ಮೊಣಕೈ ಸುಟ್ಟಿತು, ಬಿಡಲಿಲ್ಲ. ಎಂಜಿನ್ ಕೆಲಸವನ್ನು ಮೇಸ್ತ್ರಿ ಇದುವರೆಗೆ ಯಾರ ಕೈಗೂ ಕೊಟ್ಟವನಲ್ಲ, ಮಗಳ ಕೈಗೂ. ಇವತ್ತು ಇದು ಸರಿಯಾಗಿ ಓಡಿದರೆ ಕೊಡಲೇಬೇಕು. ಬಾಯಿ ಬಿಟ್ಟು ಯಾರೂ ಹೇಳದಿದ್ದರೂ ಅಪ್ಪನಿಗೂ ಗೊತ್ತಿತ್ತು, ಮಗಳಿಗೂ ಗೊತ್ತಿತ್ತು.

ಎಲ್ಲ ಮುಗಿದು ಪ್ಲಗ್ ಮಾತ್ರ ಉಳಿದಾಗ ಗಾಜು ಹೆಂಡತಿಯ ಹತ್ತಿರ ಗೋಗರೆದಿದ್ದ. "ಇದೊಂದನ್ನಾದರೂ ನಾನು ತಂದು ಹಾಕ್ತೀನಿ ಕಣೇ. ಕಾರು ನಂದು ಅಂತ ಹೇಳ್ಕೊಳ್ಳೋಕೆ ನಾನೂ ಏನಾದ್ರೂ ಮಾಡಬೇಡವಾ?"

"ಮಾದರಿಗೆ ಹಳೇದೊಂದನ್ನ ತಗೊಂಡು ಹೋಗಿ ರೀ. ಅದೇ ಥರದ್ದು ತನ್ನಿ" ಎಂದಿದ್ದಳು ಅವಳು.

ಅವನು ತಂದಿದ್ದ. ಬೆಳ್ಳಿ ಅಕ್ಷರದ ಕಪ್ಪು ಡಬ್ಬಿ, ಮೇಲೆ ಬೆಂಕಿ ಉಗುಳುವ ಕಾರಿನ ಚಿತ್ರ. ಅದನ್ನು ಮೇಜಿನ ಮೇಲಿಟ್ಟು, ತನ್ನ ಅಕ್ಕನಿಗೆ ಫೋನ್ ಮಾಡಲು ಅಂಗಳಕ್ಕೆ ಹೋದ. ಅಕ್ಕ ಬರುತ್ತಾಳಂತೆ. ಅವಳ ಎದುರಿಗೇ ಕಾರು ಶುರು ಮಾಡಬೇಕಂತೆ.

ಡಬ್ಬಿ ಮೇಸ್ತ್ರಿಯ ಕಣ್ಣೆದುರಿಗೆ ಇತ್ತು. ತಟ್ಟೆಯಲ್ಲಿ ಹಳೆಯ ಪ್ಲಗ್‌ಗಳು ಬಿದ್ದಿದ್ದವು. ಅವನ ಕೈ ಅವನನ್ನು ಕೇಳದೆ ತನ್ನ ಕೆಲಸ ಮಾಡಿತು. ಹಳೆಯದೊಂದು, ಹೊಸದೊಂದು ಎತ್ತಿ, ಎಡಗೈಯ ಅಂಗೈ ಮೇಲೆ ಪಕ್ಕಪಕ್ಕದಲ್ಲಿ ಮಲಗಿಸಿದ. ಅವನ ಪದ್ಧತಿಯೇ ಅದು. ಡಬ್ಬಿಯ ಮೇಲಿನ ನಂಬರ್ ಸುಳ್ಳು ಹೇಳಬಹುದು, ಅಂಗಡಿಯವನಂತೂ ಹೇಳಿಯೇ ಹೇಳುತ್ತಾನೆ, ಅಂಗೈ ಹೇಳುವುದಿಲ್ಲ. ಮಗಳಿಗೆ ಅವನು ಮೊದಲು ಕಲಿಸಿದ ವಿದ್ಯೆಯೂ ಇದೇ.

ಬುಡ ಅದೇ, ದಪ್ಪ ಅದೇ, ತಿರುಪಿನ ಸುತ್ತೂ ಅದೇ. ಉದ್ದ ಮಾತ್ರ ಬೇರೆ. ಹೊಸದರ ತಿರುಪಿನ ಭಾಗ ಹಳೆಯದಕ್ಕಿಂತ ಕಿರುಬೆರಳ ಉಗುರಿನಷ್ಟು ಮುಂದಕ್ಕೆ ಚಾಚಿತ್ತು.

ಆ ಎಂಜಿನ್ನಿನಲ್ಲಿ ಪಿಸ್ಟನ್ ಮೇಲೆ ಬಂದಾಗ ಅದರ ತಲೆಗೂ ಪ್ಲಗ್ಗಿಗೂ ನಡುವೆ ಉಳಿಯುವ ಜಾಗವೇ ಅಷ್ಟಕ್ಕಷ್ಟೆ. ನಿಧಾನಕ್ಕೆ ಓಡುವಾಗ ಪ್ಲಗ್ ತಾಗದೆ ಉಳಿಯಬಹುದು. ಆಕ್ಸಿಲರೇಟರ್ ಒತ್ತಿದರೆ ವೇಗಕ್ಕೆ ಪಿಸ್ಟನ್ನು ಕೂದಲೆಳೆಯಷ್ಟು ಹೆಚ್ಚು ಮೇಲೆ ಬಂದು ಗುದ್ದಿಯೇ ಗುದ್ದುತ್ತದೆ. ತುದಿ ಮುರಿದು ಒಳಗೆ ಬಿದ್ದರಂತೂ ಮುಗಿಯಿತು.

ಮೇಸ್ತ್ರಿಯ ಮುಖ ಅರಳಿತು. ಹೌದು, ಅರಳಿತು! ಮಾದರಿ ಒಯ್ಯದೆ, ಚಿತ್ರ ನೋಡಿ ಪ್ಲಗ್ ತಂದಿದೆ ಗಾಜು. ಇಷ್ಟು ದಿನ ಯಾವುದಕ್ಕಾಗಿ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾದಿದ್ದನೋ ಅದು ತಾನಾಗಿ ಅಂಗೈಗೆ ಬಂದು ಬಿದ್ದಿತ್ತು. ಈಗಲೇ ಹೇಳಿದರೆ ಏನು ಬಂತು? "ಅಯ್ಯೋ ಹೌದಾ ಮಾವ" ಎಂದು ಹಲ್ಲು ಕಿರಿದು ಬದಲಾಯಿಸಿಕೊಂಡು ಬರುತ್ತಾನೆ, ಅಷ್ಟೆ. ಅಕ್ಕ ಬರಲಿ. ಮೊದಲ ಸಲ ಈ ಮನೆಗೆ ಬಂದಾಗ ಕುರ್ಚಿಯ ಮೇಲೆ ಕರವಸ್ತ್ರ ಹಾಸಿಕೊಂಡು ಕೂತವಳು ಆ ಮಹಾತಾಯಿ. ಅವಳು ಬಂದು ನಿಂತಿರಲಿ, ಗಾಜು ಕೀ ತಿರುಗಿಸಲು ಕೈ ಚಾಚಲಿ, ಆಗ "ತಡೀರಿ ಅಳಿಯಂದಿರೇ" ಎಂದು ಒಂದು ಪ್ಲಗ್ ಬಿಚ್ಚಿ, ಹಳೆಯದರ ಪಕ್ಕ ಇಟ್ಟು ಎಲ್ಲರಿಗೂ ತೋರಿಸಬೇಕು. ಬಣ್ಣ ಬಣ್ಣದ ಡಬ್ಬಿ ನೋಡಿ ಎಂಜಿನ್ ಒಡೆಯೋಕೆ ಹೊರಟಿದ್ರಲ್ಲ ಸ್ವಾಮಿ, ಎನ್ನಬೇಕು.

ಅವನು ಪ್ಲಗ್ಗನ್ನು ಒರೆಸಿ, ನಾಜೂಕಾಗಿ ಡಬ್ಬಿಗೆ ವಾಪಸ್ ಇಟ್ಟ.

ಗಾಜು ಬಂದು ಪ್ಲಗ್‌ಗಳನ್ನು ಹಾಕಿದ. ಅದೊಂದು ನೋಡುವ ಹಾಗಿತ್ತು. ಪಾನಾವನ್ನು ಚಮಚ ಹಿಡಿದ ಹಾಗೆ ಹಿಡಿದಿದ್ದ. ಒಂದೊಂದು ಸುತ್ತಿಗೂ ಉಸಿರು ಬಿಗಿಹಿಡಿದು, ನಾಲಿಗೆ ಕಚ್ಚಿಕೊಂಡು, ಮುಗಿದ ಮೇಲೆ ಗ್ಲೌಸಿನಿಂದ ಹಣೆ ಒರೆಸಿ ಹಣೆಗೆಲ್ಲ ಮಸಿ ಬಳಿದುಕೊಂಡ. ಪಿಸ್ಟನ್‌ಗಳು ಅರ್ಧ ದಾರಿಯಲ್ಲಿ ನಿಂತಿದ್ದರಿಂದ ಪ್ಲಗ್‌ಗಳು ಎಲ್ಲೂ ತಾಗದೆ ಒಳಗಿಳಿದವು.

"ಸರಿಯಾಗಿ ಬಿಗಿ ಆಗಿದೆಯಾ ಮಾವ?"

"ಭೇಷ್! ನಿಮ್ಮಂಥವರು ಇನ್ನೊಬ್ಬರಿದ್ದರೆ ನಾನು ಗ್ಯಾರೇಜು ಮುಚ್ಚಬೇಕಾಗ್ತಿತ್ತು."

ಗಾಜು ನಾಚಿಕೊಂಡ. ನಿಜವಾಗಿಯೂ ನಾಚಿಕೊಂಡ. ಇಂಥವನನ್ನು ಹುಡುಕಿ ಕಟ್ಟಿಕೊಂಡಳಲ್ಲ ಈ ಹುಡುಗಿ ಎಂದು ಮೇಸ್ತ್ರಿ ಮನಸ್ಸಿನಲ್ಲೇ ತಲೆ ಚಚ್ಚಿಕೊಂಡ.

ಅಕ್ಕ ಬರಲು ಇನ್ನೂ ಹೊತ್ತಿತ್ತು. ಮೇಸ್ತ್ರಿ ಗ್ಯಾರೇಜಿನ ಹಿಂದಿದ್ದ ಮನೆಗೆ ಹೋಗಿ ಮುಖ ತೊಳೆದ, ಉಗುರಿನ ಸಂದಿಯ ಗ್ರೀಸನ್ನು ಸೋಪು ಹಾಕಿ ತಿಕ್ಕಿದ. ಪೆಟ್ಟಿಗೆಯಿಂದ ಬಿಳಿ ಅಂಗಿ ತೆಗೆದ. ಯಾರಿಗಾಗಿ? ಕರವಸ್ತ್ರ ಹಾಸಿ ಕೂತ ಹೆಂಗಸಿಗಾಗಿ! ಅಳಿಯನ ಇಸ್ತ್ರಿ ಗೆರೆಗೆ ಹೊಟ್ಟೆ ಹಿಡಿದು ನಗುತ್ತಿದ್ದವನು ಈಗ ಕನ್ನಡಿಯ ಮುಂದೆ ನಿಂತು ಬೈತಲೆ ತೆಗೆದ. "ತಡೀರಿ ಅಳಿಯಂದಿರೇ" ಎಂದು ಒಂದು ಸಲ ಮೆಲ್ಲಗೆ ಹೇಳಿ ನೋಡಿದ. ಇನ್ನೂ ಸ್ವಲ್ಪ ಉದಾಸೀನವಾಗಿ ಹೇಳಬೇಕು ಎನ್ನಿಸಿತು. ಮತ್ತೆ ಹೇಳಿದ.

ಆಗ ಎಂಜಿನ್ ಶುರುವಾಯಿತು.

ಎಂಥ ದನಿ ಅದು! ಕೆಮ್ಮಿಲ್ಲ, ತಡವರಿಕೆಯಿಲ್ಲ, ಒಂದೇ ಹದದಲ್ಲಿ ತುಂಬಿ ಬಂದ ದನಿ. ತಾನು ಕೂಡಿಸಿದ್ದರೂ ಇದಕ್ಕಿಂತ ಚೆನ್ನಾಗಿ ಬರುತ್ತಿರಲಿಲ್ಲ. ಅಂಗಿಯ ಗುಂಡಿಯ ಮೇಲೆ ಬೆರಳಿಟ್ಟುಕೊಂಡು ನಿಂತ ಮೇಸ್ತ್ರಿಯ ಎದೆ ತುಂಬಿತು. ನನ್ನ ಮಗಳು, ಎಂದುಕೊಂಡ. ಆ ಒಂದು ಗಳಿಗೆ ಅವನಿಗೆ ಪ್ಲಗ್ಗು ಮರೆತೇ ಹೋಗಿತ್ತು.

ಆಮೇಲೆ ನೆನಪಾಯಿತು.

"ಏಯ್! ಒತ್ತಬೇಡ! ಆಫ್ ಮಾಡು!"

ಕೂಗುತ್ತಾ ಓಡಿದ. ಅಂಗಳ ದಾಟುವಷ್ಟರಲ್ಲಿ ದನಿ ಏರಿತು, ಏರಿದ್ದೇ ತಡ ಕಬ್ಬಿಣಕ್ಕೆ ಕಬ್ಬಿಣ ಗುದ್ದಿದ ಸದ್ದು. ಟಕ್, ಟಕ್, ಟಕಟಕ. ಎಂಜಿನ್ ಒದ್ದಾಡಿ, ಏನನ್ನೋ ಅಗಿದು, ನಿಂತಿತು.

ಸ್ಟಿಯರಿಂಗ್ ಹಿಂದೆ ಕೂತಿದ್ದವನು ಗಾಜು ಅಲ್ಲ. ಮಗಳು.

ಬಾಗಿಲ ಹತ್ತಿರ ಅಕ್ಕ ನಿಂತಿದ್ದಳು. ಅವಳಿಗೆ ಬೇರೆಲ್ಲೋ ಹೋಗುವ ಅವಸರವಿತ್ತಂತೆ, ಬೇಗ ಬಂದು ಬೇಗ ಶುರು ಮಾಡಿ ಎಂದಿದ್ದಳಂತೆ. "ಹಳೇ ಗಾಡಿ ಹಣೆಬರಹವೇ ಇಷ್ಟು. ಹೋಗ್ಲಿ ಬಿಡೋ, ಬೇರೆ ತಗೊಂಡ್ರಾಯ್ತು" ಎಂದು ತಮ್ಮನ ಬೆನ್ನು ತಟ್ಟಿ, ಕೈಚೀಲ ಹೆಗಲಿಗೇರಿಸಿ ಹೊರಟೇಬಿಟ್ಟಳು. ಮೇಸ್ತ್ರಿಯ ಬಿಳಿ ಅಂಗಿಯ ಕಡೆ ಕಣ್ಣೆತ್ತಿಯೂ ನೋಡಲಿಲ್ಲ.

ಮಗಳು ಕೆಳಗಿಳಿದಳು. ಮುಖದಲ್ಲಿ ರಕ್ತವಿರಲಿಲ್ಲ. "ಏನಾಯ್ತು? ಎಲ್ಲ ಅಳತೆ ನೋಡಿದ್ದೆ. ಎಲ್ಲಾನೂ ಎರಡೆರಡು ಸಲ ನೋಡಿದ್ದೆ. ಎಲ್ಲಿ ತಪ್ಪಿದೆ ನಾನು?"

ಸುಮ್ಮನಿದ್ದರೆ ಮೇಸ್ತ್ರಿ ಬಚಾವಾಗುತ್ತಿದ್ದ. ಆದರೆ ಎಲ್ಲರೆದುರು ಆಡಬೇಕೆಂದು ಕೂಡಿಟ್ಟುಕೊಂಡ ಡಬ್ಬಿಯ ಮಾತು ನಾಲಿಗೆಯ ತುದಿಯಲ್ಲಿತ್ತು.

"ನಿಂದೇನೂ ತಪ್ಪಿಲ್ಲ. ನಿನ್ನ ಯಜಮಾನರು ಉದ್ದದ ಪ್ಲಗ್ ತಂದಿದಾರೆ. ಡಬ್ಬಿ ನೋಡಿ ಮೆಚ್ಚಿ ತಂದ್ರೆ ಇನ್ನೇನಾಗುತ್ತೆ?"

ಗಾಜು ಬಾಯಿ ತೆರೆದ. ಹಣೆಯ ಮಸಿ ಹಾಗೇ ಇತ್ತು. "ತಪ್ಪು ನಂದೇ ಕಣೇ. ಮಾದರಿ ತಗೊಂಡು ಹೋಗಿ ಅಂದಿದ್ದೆ ನೀನು. ಜೇಬು ಕಪ್ಪಾಗುತ್ತೆ ಅಂತ ಇಲ್ಲೇ ಬಿಟ್ಟು ಹೋದೆ. ನಂದೇ ತಪ್ಪು."

ಮಗಳು ಗಂಡನ ಕಡೆ ನೋಡಲಿಲ್ಲ. ಅಪ್ಪನನ್ನೇ ನೋಡುತ್ತಿದ್ದಳು.

"ನೀನು ಅಂಗೈ ಮೇಲೆ ಇಟ್ಟು ನೋಡಿದೆ."

"ಏನು?"

"ಎರಡನ್ನೂ ಇಟ್ಟು ನೋಡಿದೆ. ನಾನು ಆಚೆ ಕೈ ತೊಳೀತಾ ಇದ್ದೆ, ಕಿಟಕಿಯಿಂದ ಕಂಡಿತು. ಆಮೇಲೆ ಒರೆಸಿ ಡಬ್ಬಿಗೆ ವಾಪಸ್ ಇಟ್ಟೆ." ಅವಳ ದನಿ ಏರಲಿಲ್ಲ. "ಈಗ ಇವರು ನಿನ್ನನ್ನ ಕರೀತೀನಿ, ಮಾವ ಬಂದ ಮೇಲೆ ಶುರು ಮಾಡೋಣ ಅಂದ್ರು. ನಾನೇ ಬೇಡ ಅಂದೆ. ಅಪ್ಪ ಆಗಲೇ ನೋಡಾಯ್ತು, ಸರಿಯಿಲ್ಲದಿದ್ರೆ ಡಬ್ಬಿಗೆ ವಾಪಸ್ ಇಡ್ತಿರಲಿಲ್ಲ ಅಂದೆ. ಅದಕ್ಕೇ ನಾನು ಮತ್ತೆ ನೋಡಲಿಲ್ಲ. ಅದೊಂದನ್ನ ಮಾತ್ರ ನಾನು ನೋಡಲಿಲ್ಲ."

ಮೇಸ್ತ್ರಿ ಅಂಗಿಯ ತುದಿ ಜಗ್ಗಿದ. "ಹೇಳೋನೇ ಇದ್ದೆ ಕಣಮ್ಮ. ಎಲ್ಲರೂ ಬಂದ ಮೇಲೆ ಹೇಳೋಣ ಅಂತ... ಅಂಗಿ ಹಾಕ್ಕೊಂಡು ಬರೋಣ ಅಂತ ಒಳಗೆ ಹೋದೆ. ಅಷ್ಟರಲ್ಲಿ..."

ಮಗಳು ಅಂಗಿಯನ್ನು ನೋಡಿದಳು. ಗುಂಡಿಗಳು ತಪ್ಪಿ, ಒಂದು ಬದಿ ಮೇಲೆ, ಒಂದು ಬದಿ ಕೆಳಗೆ ನೇತಾಡುತ್ತಿತ್ತು. ಅವಳ ಮುಖದಲ್ಲಿ ಕೋಪ ಬರುತ್ತದೆಂದು ಮೇಸ್ತ್ರಿ ಕಾದ. ಕೋಪ ಬಂದಿದ್ದರೆ ಅವನಿಗೆ ಸಮಾಧಾನವಾಗುತ್ತಿತ್ತು. ಬಂದದ್ದು ಬೇರೆ. ತುಟಿಯ ಒಂದು ಕೊನೆ ಮಾತ್ರ ಸ್ವಲ್ಪ ಸೊಟ್ಟಗಾಯಿತು. ಅದು ಅವನದೇ ಮುಖ. ಗಾಜನ್ನು ನೋಡುವಾಗಲೆಲ್ಲ ಅವನು ಹಾಕಿಕೊಳ್ಳುತ್ತಿದ್ದ ಮುಖ.

"ಒಳ್ಳೆ ಅಂಗಿ" ಎಂದಳು.

ಬಾನೆಟ್ ಎತ್ತಿದಳು. ಎಂಜಿನ್ ಇನ್ನೂ ಬೆಚ್ಚಗಿತ್ತು. ಪಾನಾ ಹಾಕಿ ಮೊದಲನೆಯ ಪ್ಲಗ್ ಸಡಿಲಿಸಿದಳು. ಅದು ಸರಾಗವಾಗಿ ಬರಲಿಲ್ಲ, ಕಿರುಗುಟ್ಟುತ್ತಾ, ತಡೆಯುತ್ತಾ ಬಂತು. ಗಾಜು ಪಕ್ಕದಲ್ಲಿ ನಿಂತು ದೀಪ ಹಿಡಿದಿದ್ದ. ಅದನ್ನೂ ಸೊಟ್ಟಗೇ ಹಿಡಿದಿದ್ದ, ಬೆಳಕು ಬೇಕಾದ ಕಡೆ ಬೀಳುತ್ತಿರಲಿಲ್ಲ. ಅವಳು ಏನೂ ಅನ್ನದೆ ಅವನ ಮಣಿಕಟ್ಟು ಹಿಡಿದು ಬೆಳಕನ್ನು ಸರಿಮಾಡಿದಳು.

ಪ್ಲಗ್ ಹೊರಗೆ ಬಂತು. ತುದಿಯ ಕೊಂಡಿ ಮುರಿದು ಹೋಗಿತ್ತು. ಮುರಿದ ಚೂರು ಒಳಗೇ ಇತ್ತು. ಎಂಜಿನ್ ಮತ್ತೆ ಪೂರ್ತಿ ಬಿಚ್ಚಬೇಕು.

ಮೇಸ್ತ್ರಿಯ ಎಡಗೈ ತಾನಾಗಿ ಮುಂದೆ ಬಂತು, ಅಂಗೈ ಮೇಲಾಗಿ. ಮಗಳ ತಲೆ ಬಾನೆಟ್ಟಿಗೆ ಎಟುಕದ ಕಾಲದಿಂದಲೂ ಈ ಗ್ಯಾರೇಜಿನಲ್ಲಿ ಹಾಗೆಯೇ. ಅವಳು ಸ್ಟೂಲಿನ ಮೇಲೆ ನಿಂತು ಬಿಚ್ಚುವುದು, ಅವನ ಅಂಗೈಗೆ ಇಡುವುದು, ಅವನು ನೋಡಿ ಹೇಳುವುದು.

ಅವಳು ಆ ಕೈಯ ಮುಂದೆಯೇ ಹಾದು ಹೋಗಿ ತಟ್ಟೆಯಿಂದ ಹಳೆಯ ಪ್ಲಗ್ ಎತ್ತಿಕೊಂಡಳು.

"ರೀ, ಆ ಗ್ಲೌಸು ತೆಗೀರಿ. ಅಂಗೈ ಚಾಚಿ."

ಗಾಜು ಗ್ಲೌಸು ಕಿತ್ತು ಜೇಬಿಗೆ ತುರುಕಿದ. ಮೆತ್ತನೆಯ, ಒಂದೂ ಗಾಯವಿಲ್ಲದ ಅಂಗೈ. ಅವಳು ಅದರ ಮೇಲೆ ಹಳೆಯದನ್ನೂ ಮುರಿದದ್ದನ್ನೂ ಪಕ್ಕಪಕ್ಕ ಮಲಗಿಸಿದಳು. ಬಿಸಿಗೆ ಅವನ ಮುಖ ಕಿವುಚಿತು, ಕೈ ಎಳೆದುಕೊಳ್ಳಲಿಲ್ಲ.

"ಬುಡ ಸಮ ಮಾಡ್ಕೊಳ್ಳಿ. ಈಗ ತುದಿ ನೋಡಿ. ಏನು ಕಾಣುತ್ತೆ?"

ಗಾಜು ಕನ್ನಡಕ ಸರಿಮಾಡಿಕೊಂಡು ಬಗ್ಗಿದ. ಅವಳೂ ಬಗ್ಗಿದಳು. ದೀಪ ಇಬ್ಬರ ನಡುವೆ ಇತ್ತು. ಆಚೆ ಬದಿಯಲ್ಲಿ ಮೇಸ್ತ್ರಿಯ ಕೈ ಇನ್ನೂ ಹಾಗೇ ಚಾಚಿಕೊಂಡಿತ್ತು, ಸೋಪು ಹಾಕಿ ತಿಕ್ಕಿದ ಕೈ.