ಗೌರಾಬಾಯಿ ಕೂತ ರಸ್ತೆ

ಕಲಬುರ್ಗಿಯ ದವಾಖಾನೆಯಲ್ಲಿ ಗೌರಾಬಾಯಿಯ ಉಸಿರು ನಿಂತಾಗ ಆಕೆಯ ತಂಗಿ ಕಸ್ತೂರಿಬಾಯಿ ಅಳಲಿಲ್ಲ. ಹಣೆಗೆ ವಿಭೂತಿ ಹಚ್ಚಿ, "ಈಗೇ ಕೂಡಿಸಿ ಬಿಡೂಣು, ದೌಲತ" ಎಂದಳು. ಮೈಯಲ್ಲಿ ಇನ್ನೂ ಬಿಸಿಯಿತ್ತು. ಕಾಲು ಮಡಿಚಿದರೆ ಮಡಿಚುತ್ತಿತ್ತು.

ಮಗ ದೌಲತರಾಯ ಒಪ್ಪಲಿಲ್ಲ. ವಾರ್ಡಿನಲ್ಲಿ ಮಂಚಕ್ಕೆ ಮಂಚ ತಾಗಿತ್ತು. ಪಕ್ಕದಲ್ಲಿ ಇನ್ಯಾರದೋ ತಾಯಿ ಉಸಿರಿಗೆ ಒದ್ದಾಡುತ್ತಿದ್ದಳು. ಅಲ್ಲಿ ಹೇಗೆ ಕೂಡಿಸುವುದು? ಮೈ ತೊಳೆಯದೆ, ಊರಲ್ಲಿರುವ ತನ್ನ ತಂಗಿ ಸುಭದ್ರೆ ಒಮ್ಮೆ ಮುಖ ನೋಡದೆ? ಊರೇನು ದೂರವಿರಲಿಲ್ಲ. ಜೇವರ್ಗಿ ದಾಟಿದರೆ ಬಂತು.

"ಮನಿಗಿ ಹೋಗಿ ಕೂಡಿಸೂಣು ಸಣ್ಣವ್ವ. ಜೀಪಿನ್ಯಾಗ ಎಷ್ಟೊತ್ತಿನ ದಾರಿ?" ಎಂದ.

ಸುದ್ದಿ ಮುಟ್ಟಿಸಲು ಕಾಕಾನ ಮಗ ನಾಗಣ್ಣನನ್ನು ಬಸ್ಸಿಗೆ ಕಳಿಸಿ, ತಾನು ಮಲಂಗಸಾಬನ ಜೀಪು ಗೊತ್ತುಮಾಡಿಕೊಂಡು ಬಂದ. ದವಾಖಾನೆಯವರು ಬಿಟ್ಟುಕೊಡುವ ಹೊತ್ತಿಗೆ ಸೂರ್ಯ ನೆತ್ತಿಯಿಂದ ಜಾರಿದ್ದ. ಜೀಪಿನ ಹಿಂಭಾಗದಲ್ಲಿ ಎರಡು ಬೆಂಚುಗಳ ನಡುವೆ ಗೌರಾಬಾಯಿಯನ್ನು ಮಲಗಿಸಿದರು. ತಲೆ ಕಸ್ತೂರಿಬಾಯಿಯ ತೊಡೆಯ ಮೇಲಿತ್ತು. ಜೀಪು ಹೊರಟಾಗಿನಿಂದ ಆಕೆ ಅಕ್ಕನ ಕೈಬೆರಳುಗಳನ್ನು ಒಂದೊಂದಾಗಿ ಮಡಿಚಿ ಬಿಡಿಸುತ್ತಲೇ ಇದ್ದಳು.

ಆಕೆಯ ಅವಸರ ದೌಲತರಾಯನಿಗೆ ಗೊತ್ತಿತ್ತು. ತಮ್ಮಲ್ಲಿ ಸತ್ತವರನ್ನು ಮಲಗಿಸಿ ಮಣ್ಣು ಮಾಡುವುದಿಲ್ಲ. ಪೂಜೆಗೆ ಕೂತಂತೆ ಕೂಡಿಸಿ, ಎಡ ಅಂಗೈಯಲ್ಲಿ ಲಿಂಗವಿಟ್ಟು ಸಮಾಧಿಗೆ ಇಳಿಸುತ್ತಾರೆ. ಮೈ ಬಿಗಿಯುವ ಮೊದಲೇ ಕೂಡಿಸಬೇಕು. ದೊಡ್ಡಪ್ಪ ಸೊಲ್ಲಾಪುರದಲ್ಲಿ ತೀರಿಕೊಂಡಾಗ ಊರಿಗೆ ತರುವುದು ಒಂದು ದಿನ ತಡವಾಗಿ, ಕಟ್ಟಿಗೆಯಂತೆ ಸೆಟೆದ ಮೈ ಬಂದಿತ್ತು. ಗಂಡಸರು ಬಾಗಿಲು ಹಾಕಿಕೊಂಡು ಮಂಡಿ ಮಡಿಚಿದ್ದರು. ಪಡಸಾಲೆಯಲ್ಲಿ ಕೂತ ಹೆಂಗಸರಿಗೆ ಆ ಸದ್ದು ಕೇಳಿಸಿತ್ತು. ಗೌರಾಬಾಯಿ ಅಂದೇ ಮಗನನ್ನು ಕರೆದು ಹೇಳಿದ್ದಳು: "ನನಗ ಹಾಂಗ ಮಾಡಸಬ್ಯಾಡ ಯಪ್ಪಾ. ಇಷ್ಟು ವರ್ಷ ಶಿವನ ಮುಂದ ಕುಂತೀನಿ. ಹಾಂಗೇ ಕುಂತು ಹೋಗ್ತೇನಿ."

ಅರ್ಧ ದಾರಿಯಲ್ಲಿ ಜೀಪು ನಿಂತಿತು. ಮುಂದೆ ಒಂದು ಲಾರಿ, ಅದರ ಮುಂದೆ ಬಸ್ಸು, ಬಸ್ಸಿನ ಮುಂದೆ ಮತ್ತೆ ಲಾರಿಗಳು. ದಾರಿ ತಿರುಗುವವರೆಗೂ ಅದೇ ಸಾಲು.

"ಏನಾತು ಮಲಂಗ ಕಾಕಾ?"

"ರಸ್ತಾ ಮಾಡಾಕತ್ತಾರಲ್ಲ, ಅದಾತು" ಎಂದು ಮಲಂಗಸಾಬ ಇಂಜಿನ್ ಬಂದ್ ಮಾಡಿ ಇಳಿದು ಹೋದ.

ತಾಯಿಯನ್ನು ದವಾಖಾನೆಗೆ ಕರೆತಂದಾಗ ದೌಲತರಾಯ ಇದೇ ದಾರಿಯಲ್ಲಿ ಬಂದಿದ್ದ. ಆಗ ರಸ್ತೆಯ ಒಂದು ಬದಿ ಅಗೆದಿದ್ದರು, ಇನ್ನೊಂದು ಬದಿಯಲ್ಲಿ ಗಾಡಿಗಳು ಓಡಾಡುತ್ತಿದ್ದವು. ನೋವಿನಲ್ಲೂ ಆಕೆ ಕಿಟಕಿಯಿಂದ ನೋಡಿ, "ಚಲೋ ಅಗಲ ಮಾಡಾಕತ್ತಾರ" ಎಂದಿದ್ದಳು.

ಮಲಂಗಸಾಬ ತಿರುಗಿ ಬಂದ. ಹಳ್ಳದ ಮೇಲಿನ ಸಣ್ಣ ಸೇತುವೆಯನ್ನು ಒಡೆದು ಹಾಕಿದ್ದಾರೆ. ಹೊಲದೊಳಗಿಂದ ಬದಲಿ ದಾರಿ ಕೊಟ್ಟಿದ್ದಾರೆ. ಎರೆ ಮಣ್ಣು, ನಿನ್ನೆ ಮಳೆಯಾಗಿದೆ. ದನದ ಹಿಂಡಿ ಚೀಲ ಹೇರಿದ ಲಾರಿಯೊಂದು ಗಾಲಿ ಮುಳುಗುವಂತೆ ಹೂತು ನಿಂತಿದೆ. ಆಚೆಯಿಂದಲೂ ಗಾಡಿಗಳು, ಈಚೆಯಿಂದಲೂ ಗಾಡಿಗಳು.

"ಟ್ರ್ಯಾಕ್ಟರ್ ಹಚ್ಚಿ ಎಳೀಬೇಕಲ್ಲ?"

"ಟ್ರ್ಯಾಕ್ಟರ್ ಅದ. ಅದೂ ಸಾಲಿನ್ಯಾಗೇ ನಿಂತದ. ನಾ ಮುಂದ, ನೀ ಮುಂದ ಅಂತ ಎರಡೂ ಕಡೆ ತುಂಬ್ಯಾರ. ಸೈಕಲ್ ಸುದಾ ಹೋಗಂಗಿಲ್ಲ."

ತಿರುಗಿಸಿಕೊಂಡು ಬೇರೆ ದಾರಿಯಿಂದ ಹೋಗೋಣವೆಂದರೆ ಅಷ್ಟರಲ್ಲಿ ಹಿಂದೆಯೂ ಗಾಡಿಗಳು ನಿಂತುಬಿಟ್ಟಿದ್ದವು. ಎಡಕ್ಕೆ ಖಡಿಯ, ಜಲ್ಲಿಕಲ್ಲಿನ ಗುಡ್ಡೆಗಳು. ಬಲಕ್ಕೆ ಮುರುಮು ಮಣ್ಣು ಹಾಸಿ ರೋಲರ್ ಹೊಡೆದ ಅರೆಬರೆ ರಸ್ತೆ. ಅದರ ತುಂಬ ಗಾಡಿ ಹತ್ತದಂತೆ ಇಟ್ಟ ಅಡ್ಡಡ್ಡ ಕಲ್ಲು.

ಬಸ್ಸಿನಿಂದ ಜನ ಇಳಿದು ನೆರಳು ಹುಡುಕುತ್ತಿದ್ದರು. ರುಮಾಲಿನ ಮುದುಕನೊಬ್ಬ ಖಡಿ ಗುಡ್ಡೆಯ ಮೇಲೆ ಕೂತು ಎಲೆಗೆ ಸುಣ್ಣ ಹಚ್ಚುತ್ತಿದ್ದ.

"ಅಗಲ ಮಾಡ್ತೇವಂದ್ರು. ಎಷ್ಟು ಅಗಲ ಆಗ್ಯಾದ ನೋಡ್ರಿ, ಯಾವ ಗಾಡೀನೂ ಮುಂದ ಹೋಗವಲ್ದು."

"ನೀ ಹ್ಯಾಂಗೂ ಸಾಕ್ಷಿ ಹೇಳಾಕ ಹೊಂಟಿದ್ದಿ ಮುತ್ಯಾ. ಕೋರ್ಟು ಮುಚ್ಚಿದ್ರ ಸುಳ್ಳು ಹೇಳೂದು ತಪ್ತು ನಿನಗ" ಎಂದ ಜೊತೆಯವನೊಬ್ಬ.

"ನಾ ಇಲ್ಲೇ ಹೇಳ್ತೇನಿ, ಕೇಳ್ತಿ ಏನಲೇ?"

ನಗುತ್ತಿದ್ದವರು ಜೀಪಿನ ಹಿಂಬದಿಯಿಂದ ಹೊರಗೆ ಚಾಚಿದ ಪಾದಗಳನ್ನು ಕಂಡು ಸುಮ್ಮನಾದರು. ಮುದುಕ ಎಲೆಯನ್ನು ಹಾಗೇ ಕೈಯಲ್ಲಿ ಹಿಡಿದು ಎದ್ದು ನಿಂತ.

ಮಲಂಗಸಾಬ ಸಾಲಿನುದ್ದಕ್ಕೂ ಹೇಳುತ್ತಾ ಹೋದ: "ಮಯ್ಯತ್ ಅದ್ರೀ ಗಾಡ್ಯಾಗ. ಸ್ವಲ್ಪ ಹಾದಿ ಮಾಡಿ ಕೊಡ್ರಿ." ಯಾರೂ ಇಲ್ಲವೆನ್ನಲಿಲ್ಲ. ಮುಂದಿನ ಲಾರಿಯವನು ಕೂಡಲೇ ಇಂಜಿನ್ ಹಚ್ಚಿ ಎಡಕ್ಕೆ ಒತ್ತಿದ. ಗಾಲಿ ಖಡಿಗೆ ತಾಗಿ ನಿಂತಿತು. ಬಸ್ಸಿನ ಡ್ರೈವರ್ ಹಿಂದೆ ಮುಂದೆ ಆಡಿಸಿ ಎರಡು ಮೊಳ ಬಿಟ್ಟುಕೊಟ್ಟ. ಜೀಪು ಬಸ್ಸಿನ ಪಕ್ಕದವರೆಗೆ ತೂರಿ ಬಂದು ಮತ್ತೆ ನಿಂತಿತು. ಅದರಾಚೆ ಯಾರಲ್ಲೂ ಕೊಡಲು ಜಾಗವಿರಲಿಲ್ಲ.

ಆ ಬಸ್ಸಿನಿಂದ ನಾಗಣ್ಣ ಇಳಿದು ಬಂದ. ದೌಲತರಾಯ ಅವನನ್ನು ನೋಡುತ್ತಾ ನಿಂತುಬಿಟ್ಟ.

"ನೀ ಇನ್ನಾ ಇಲ್ಲೇ ಇದ್ದಿ?"

"ಇಲ್ಲೇ ಅಣ್ಣಾ" ಎಂದ ನಾಗಣ್ಣ. "ಬಸ್ಸು ಬಂದು ನಿಂತದ್ದು ನಿಂತೇ ಅದ. ಹಿಂದಿಂದ ನೀವು ಬಂದೀರಿ."

ಅಂದರೆ ಊರಲ್ಲಿ ಯಾರಿಗೂ ಗೊತ್ತಿಲ್ಲ. ಸುಭದ್ರೆ ಈಗ ಅವ್ವ ಗುಣವಾಗಿ ಬರುತ್ತಾಳೆಂದೇ ಮಜ್ಜಿಗೆ ಕಡೆಯುತ್ತಿರಬಹುದು. ದೌಲತರಾಯ ತಮ್ಮನ ಭುಜ ಹಿಡಿದು, "ನಡಕೊಂಡು ಹಳ್ಳ ದಾಟು. ಆಚೀಕಡಿ ಯಾವುದಾರ ಗಾಡಿ ತಿರುಗಿ ಹೊಂಟಿದ್ರ ಹತ್ತು. ಇಲ್ಲಂದ್ರ ನಡೀತಾ ಇರು. ಮಠದ ಅಯ್ಯನವರಿಗೆ ಹೇಳು, ಸುಭದ್ರಾಗ ಹೇಳು" ಎಂದ. ನಾಗಣ್ಣ ಧೋತರ ಮೇಲೆ ಕಟ್ಟಿ, ಚಪ್ಪಲಿ ಕೈಯಲ್ಲಿ ಹಿಡಿದು ಕೆಸರಿನ ಕಡೆಗೆ ನಡೆದ.

ಮಳೆ ಬಿಟ್ಟ ಮೇಲಿನ ಬಿಸಿಲು. ಜೀಪಿನ ತಾಡಪತ್ರಿಯ ಕೆಳಗೆ ಉಗಿ ಹಾಕಿದಂತಿತ್ತು. ಕಸ್ತೂರಿಬಾಯಿ ವಚನ ಹೇಳುತ್ತಿದ್ದಳು, ತುಟಿಯಷ್ಟೇ ಅಲುಗುವ ಹಾಗೆ. ಅಕ್ಕತಂಗಿಯರು ಮೊದಲಿನಿಂದಲೂ ಹಾಗೆ. ಒಬ್ಬಳು ಸಾಲು ಎತ್ತಿದರೆ ಇನ್ನೊಬ್ಬಳು ಮುಗಿಸಬೇಕು. ಈಗ ಆಕೆ ಅರ್ಧ ಸಾಲಿಗೆ ನಿಲ್ಲುತ್ತಿದ್ದಳು, ಸ್ವಲ್ಪ ತಡೆದು ಉಳಿದರ್ಧವನ್ನು ತಾನೇ ಹೇಳುತ್ತಿದ್ದಳು. ಬೆರಳು ಮಡಿಚುವುದನ್ನು ಬಿಟ್ಟಿರಲಿಲ್ಲ.

"ದೌಲತ, ಇಲ್ಲಿ ಬಾ."

ಹೋದ.

"ದವಡಿ ಬಿಗದಾದ. ಕುತ್ತಿಗಿ ಬಿಗದಾದ. ಬೆರಳು ಈಗ ಮಡಚವಲ್ಲವು. ಮಂಡಿ ಇನ್ನಾ ಸಡ್ಲ ಅದ. ಇಲ್ಲೇ ಕೂಡಿಸೂಣು."

"ಇಲ್ಲಿ? ರಸ್ತೆದಾಗ?"

"ಮತ್ತೆಲ್ಲಿ? ಮನಿ ಬರತನ ಕಾಯ್ತೀ ಏನು? ನಿನ್ನ ದೊಡ್ಡಪ್ಪಂದು ಮರತಿ ಏನು?"

ಅವನು ಹಳ್ಳದ ಕಡೆಗೆ ನಡೆದ. ಒಮ್ಮೆ ತನ್ನ ಕಣ್ಣಿಂದ ನೋಡಿದರೆ ಏನಾದರೂ ಹಾದಿ ಕಾಣಬಹುದೆಂಬ ಆಸೆ. ಹೂತ ಲಾರಿಯಿಂದ ಜನ ಹಿಂಡಿ ಚೀಲಗಳನ್ನು ಇಳಿಸಿ ಬದುವಿನ ಮೇಲೆ ಒಟ್ಟುತ್ತಿದ್ದರು. ಯಾರಿಗೂ ಯಾರೂ ಹೇಳಿರಲಿಲ್ಲ. ಬಸ್ಸಿನವರು, ಗಾಡಿಯವರು, ಮದುವೆಗೆ ಹೊರಟವನೊಬ್ಬ ಹೊಸ ಅಂಗಿ ಬಿಚ್ಚಿಟ್ಟು, ಎಲ್ಲರೂ ಹೊರುತ್ತಿದ್ದರು. ದೌಲತರಾಯನೂ ಹೆಗಲು ಕೊಟ್ಟ. ಚೀಲ ಹೊತ್ತು ಬಂದರೆ ಮತ್ತೆ ಚೀಲ. ಲಾರಿ ಅಲುಗಲಿಲ್ಲ. ಪಕ್ಕದವನು, "ನಿಮ್ಮವರೇನ್ರಿ ಜೀಪಿನ್ಯಾಗ ಇದ್ದವರು? ನೀವ್ಯಾಕ ಬಂದ್ರಿ, ನಾವಿದ್ದೇವಲ್ಲ" ಎಂದಾಗ ಅವನು ಚೀಲ ಕೆಳಗಿಟ್ಟ. ತಿರುಗಿ ಓಡಿದ.

"ಆತು ಸಣ್ಣವ್ವ. ಕೂಡಿಸೂಣು."

ಜೀಪಿನೊಳಗೆ ಆಗುವಂತಿರಲಿಲ್ಲ. ಬೆಂಚುಗಳ ನಡುವೆ ಮಂಡಿ ಹರವಲು ಜಾಗವಿಲ್ಲ. ರೋಲರ್ ಹೊಡೆದ ಹೊಸ ಭಾಗದಲ್ಲಿ ನೆಲ ಸಮವಾಗಿತ್ತು. ರಸ್ತೆ ಕೆಲಸದ ಗ್ಯಾಂಗಿನ ತುಳಜಾಬಾಯಿ, ಅಕ್ಕಲಕೋಟೆ ಕಡೆಯವಳು, ಅಡ್ಡ ಇಟ್ಟಿದ್ದ ಕಲ್ಲುಗಳನ್ನು ತಾನೇ ಸರಿಸಿ ನೆಲ ಗುಡಿಸಿದಳು. ಕೊಡದಲ್ಲಿ ನೀರು ತಂದಳು.

"ನಾ ಮುಟ್ಟಿದ್ರ ನಡೀತದೇನ್ರಿ ಮಾವಶಿ?" ಎಂದು ಕಸ್ತೂರಿಬಾಯಿಯನ್ನು ಕೇಳಿದಳು.

"ಶಿವನ ಮುಂದ ಮುಟ್ಟೂದು ತಟ್ಟೂದು ಎಲ್ಲೀದವ್ವಾ. ಕಾಲು ಹಿಡಿ."

ಬಸ್ಸಿನ ಹೆಂಗಸರು ಸೀರೆಯ ಸೆರಗು ಹಿಡಿದು ಮರೆ ಮಾಡಿದರು. ಅದರೊಳಗೆ ಕಸ್ತೂರಿಬಾಯಿ ಅಕ್ಕನ ಮೈಗೆ ನೀರು ಹಾಕಿದಳು. ಕಾಲು ಮಡಿಚುವಾಗ ದೌಲತರಾಯ ಮುಖ ಆಚೆ ತಿರುಗಿಸಿ, ಕಿವಿಯನ್ನು ಮಾತ್ರ ಅಲ್ಲೇ ಇಟ್ಟಿದ್ದ. ಸದ್ದು ಬರಲಿಲ್ಲ. "ಬಂದ್ವು. ಮಡಚಿ ಬಂದ್ವು" ಎಂದು ಕಸ್ತೂರಿಬಾಯಿ ಹೇಳಿದಾಗ ಮಾತ್ರ ಉಸಿರು ಬಿಟ್ಟ. ಸೀರೆಯ ಅಂಚು ಹರಿದು ಮಂಡಿಗಳನ್ನು ಕಟ್ಟಿದರು.

ಬೆನ್ನಿಗೆ ಏನಾದರೂ ಬೇಕಿತ್ತು. ಮನೆಯಲ್ಲಾದರೆ ಗೋಡೆಗೆ ಒರಗಿಸುತ್ತಾರೆ. ಡಾಂಬರಿನ ಡ್ರಮ್ಮು ಉರುಳಿಸಿ ತಂದರು. ಅದರ ಮೈಗೆಲ್ಲ ಜಿಗುಟು, ಕಸ್ತೂರಿಬಾಯಿ ಬೇಡವೆಂದಳು. ಖಡಿ ಒಟ್ಟಿದರೆ ಜಾರುತ್ತಿತ್ತು. ಕೊನೆಗೆ ದೌಲತರಾಯ ತಾಯಿಯ ಬೆನ್ನಿಗೆ ಬೆನ್ನು ಕೊಟ್ಟು ತಾನೇ ಕೂತ. ಆಕೆಯ ತಲೆಯ ಹಿಂಭಾಗ ಅವನ ಕುತ್ತಿಗೆಗೆ ತಾಗಿತು. ಆಕೆಯ ಮುಖ ಊರಿನ ಕಡೆಗಿತ್ತು, ಅವನದು ಕಲಬುರ್ಗಿಯ ಕಡೆಗೆ.

"ಮೈ ಬಿಗದು ಹಿಡಕೊಳ್ಳೂತನ ಏಳಬ್ಯಾಡ" ಎಂದಳು ಕಸ್ತೂರಿಬಾಯಿ. ಅಕ್ಕನ ಕೊರಳಿನ ಕರಡಿಗೆಯಿಂದ ಲಿಂಗ ತೆಗೆದು ಎಡ ಅಂಗೈಯಲ್ಲಿಟ್ಟು, ಬಿಗಿದ ಬೆರಳುಗಳ ಮೇಲೆ ತನ್ನ ಕೈ ಮುಚ್ಚಿ ಹಿಡಿದಳು.

ಆಗಲೇ ಮುಂದೆ ಗದ್ದಲವೆದ್ದಿತು. ಬರಿದಾದ ಲಾರಿಯನ್ನು ಜನ ದಬ್ಬಿ ಮೇಲಕ್ಕೆ ತಂದಿದ್ದರು. ಒಂದೊಂದೇ ಇಂಜಿನ್ನು ಹತ್ತಿಕೊಳ್ಳುತ್ತಾ ಬಂತು. ಬಸ್ಸಿನ ಕಂಡಕ್ಟರ್ ಸೀಟಿ ಊದಿದ. ಮರೆ ಹಿಡಿದಿದ್ದ ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿ, ಸೆರಗು ಬಿಟ್ಟು, ಕೈಮುಗಿದು ಓಡಿದರು.

ಮಲಂಗಸಾಬ ಓಡಿ ಬಂದ. "ಸಾಲು ಹೊಂಟದ. ಎತ್ರಿ, ಗಾಡ್ಯಾಗ ಇಡೂಣು."

"ಹ್ಯಾಂಗ ಎತ್ತಲಿ? ಮತ್ತ ಮಲಗಸಬೇಕಲ್ಲ" ಎಂದಳು ಕಸ್ತೂರಿಬಾಯಿ. "ಕೂಡಿಸಿದವರನ್ನ ಮಲಗಸಬ್ಯಾಡ ತಮ್ಮಾ."

ಕೂತ ಮೈ ಆ ಜೀಪಿನಲ್ಲಿ ಹಿಡಿಸುವುದಿಲ್ಲವೆಂದು ಮಲಂಗಸಾಬನಿಗೂ ಗೊತ್ತಿತ್ತು. ಹಿಂದಿನ ಲಾರಿಗಳು ಹಾರ್ನ್ ಹೊಡೆಯತೊಡಗಿದವು. ಸ್ವಲ್ಪ ಹೊತ್ತಿನ ಹಿಂದೆ ಜಾಗ ಬಿಟ್ಟುಕೊಟ್ಟಿದ್ದವರೇ. ಗ್ಯಾಂಗಿನ ಕೆಲಸ ನೋಡಿಕೊಳ್ಳುವ ಮುಕಾದಮ ಕೈ ಬೀಸುತ್ತಾ ಬಂದ.

"ಜೀಪು ತಗೀರಿ. ಇದು ನಿಂತ್ರ ಆಚೀ ಕಡಿಯವರು ನುಗ್ಗತಾರ, ಮತ್ತ ಬೆಳಗಾಗೂತನ ಹಿಂಗೇ."

"ಹೆಣ ಅದರೀ ಇಲ್ಲಿ."

"ಕಾಣತದಪಾ. ನಾ ಏನ್ ಮಾಡ್ಲಿ, ಹೇಳು?"

ಮಲಂಗಸಾಬ ಅವನನ್ನು ಬಿಟ್ಟು ಈಚೆ ಬಂದ. ದೌಲತರಾಯನ ಎದುರು ಕುಕ್ಕರಗಾಲಲ್ಲಿ ಕೂತ. "ಜೇವರ್ಗಿಗಿ ಹೋಗಿ ಟ್ರ್ಯಾಕ್ಟರ್ ತರ್ತೇನಿ. ಟ್ರಾಲಿ ಅಗಲ ಇರ್ತದ, ಕುಂತಾಂಗೇ ಒಯ್ಯಬಹುದು. ಅಲ್ಲಾನ ಆಣಿ, ಬಿಟ್ಟು ಹೋಗಂಗಿಲ್ಲ ನಾ."

"ಹೋಗಿ ಬಾ ಕಾಕಾ."

ಜೀಪು ಹೋಯಿತು. ಅದರ ಹಿಂದೆ ಲಾರಿಗಳು, ಮತ್ತೊಂದು ಬಸ್ಸು, ಎತ್ತಿನ ಗಾಡಿಗಳು. ಎಲ್ಲವೂ ಅವನ ಮುಂದಿನಿಂದ ಬಂದು ಮಗ್ಗುಲಿಗೆ ಹಾದು ಹೋಗುತ್ತಿದ್ದವು. ಖಾಲಿ ಟ್ರಾಲಿಯ ಟ್ರ್ಯಾಕ್ಟರೊಂದು ಬಂದಾಗ ದೌಲತರಾಯ ಕೈ ಎತ್ತಿ ಕೂಗಿದ. ಟ್ರ್ಯಾಕ್ಟರಿನವನು ನಿಧಾನ ಮಾಡಿದ. ಹಿಂದಿನಿಂದ ಒಮ್ಮೆಲೇ ಹಾರ್ನು, ಬೈಗಳು. ಮುಕಾದಮ ಟ್ರಾಲಿಯ ಹಲಗೆ ಬಡಿದು "ನಡೀ ನಡೀ" ಎಂದ. ಟ್ರ್ಯಾಕ್ಟರಿನವನು ಒಂದು ಕೈಯನ್ನು ಎದೆಗೆ ಮುಟ್ಟಿಸಿ, ಕಣ್ಣು ತಪ್ಪಿಸಿಕೊಂಡು ಹೋದ. ದೌಲತರಾಯ ಎದ್ದು ಹೋಗಿ ಅಡ್ಡ ನಿಲ್ಲಬಹುದಿತ್ತು. ಎದ್ದರೆ ತಾಯಿ ಹಿಂದಕ್ಕೆ ಬೀಳುತ್ತಿದ್ದಳು.

ಬಸ್ಸಿನ ಕಿಟಕಿಗಳಿಂದ ಜನ ಬಗ್ಗಿ ನೋಡಿ ಕೈಮುಗಿದರು. ರಸ್ತೆಯ ಬದಿಗೆ ವಿಭೂತಿ ಹಚ್ಚಿಕೊಂಡು ಕೂತವಳು, ಎದುರಿಗೆ ಅಂಗೈ ಹಿಡಿದ ಇನ್ನೊಬ್ಬಳು. ಪೂಜೆ ನಡೆದಿದೆಯೆಂದೇ ಕೆಲವರು ತಿಳಿದಿರಬೇಕು. ಆಮೇಲೆ ಆಚೆಯ ಸಾಲನ್ನು ಬಿಟ್ಟರು. ಜೇವರ್ಗಿಯ ಕಡೆಯಿಂದ ಗಾಡಿಗಳು ಬರತೊಡಗಿದವು. ಕಸ್ತೂರಿಬಾಯಿ ವಚನ ಎತ್ತಿದ್ದಳು. ಒಂದು ಸಾಲು ಹಾರ್ನಿನಲ್ಲಿ ಮುಳುಗಿ ಮುಂದಿನ ಸಾಲು ಮೇಲೆ ಬರುತ್ತಿತ್ತು.

ಬೆನ್ನಿಗೆ ತಾಗಿದ ತಾಯಿಯ ಬೆನ್ನು ತಣ್ಣಗಾಗಿ, ಹಲಗೆಯಂತೆ ನೆಟ್ಟಗಾಗುತ್ತಿರುವುದು ಅವನಿಗೆ ತಿಳಿಯುತ್ತಿತ್ತು. ಆಕೆಯ ಮುಖ ಮಾತ್ರ ಕಾಣುತ್ತಿರಲಿಲ್ಲ.

"ಸಣ್ಣವ್ವ, ಅವ್ವ ಹ್ಯಾಂಗ ಕಾಣಾಕತ್ತಾಳ?"

"ಕುಂತಾಳಪಾ. ಚಂದ ಕುಂತಾಳ."

"ಸುಭದ್ರಾಗ ಸುದ್ದಿ ಮುಟ್ಟಿರಬೇಕಲ್ಲ?"

ಕಸ್ತೂರಿಬಾಯಿ ವಚನದ ಸಾಲು ಮುಗಿಸಿ, "ಅಲಗಬ್ಯಾಡ ನೀ" ಎಂದಳು.

ಅವನು ಅಲುಗಲಿಲ್ಲ. ಬೆನ್ನ ಹಿಂದಿನಿಂದ ಟ್ರ್ಯಾಕ್ಟರಿನಂಥ ಸದ್ದೊಂದು ಹತ್ತಿರ ಬಂತು. ತಿರುಗಿ ನೋಡುವಂತಿರಲಿಲ್ಲ. ಸದ್ದು ಅವನ ಮಗ್ಗುಲಿಗೆ ಬಂದು, ಟ್ರಾಲಿಯ ತುಂಬ ಖಡಿ ಹೇರಿದ್ದು ಕಾಣಿಸಿ, ಕಲಬುರ್ಗಿಯ ಕಡೆಗೆ ಹೊರಟುಹೋಯಿತು. ಅದರ ಹಿಂದೆ ಮತ್ತೊಂದು ಸದ್ದು ಬರುತ್ತಿತ್ತು.